ಕಿಟ್ ಬಿಟ್ಟು ಮೊಟ್ಟೆ ಹಿಡಿದ ಕತೆ

ಎಚ್‌ಐವಿ ಬಾಧಿತ ಮನೆಗಳಿಗೆ ರೇಷನ್ ಕಿಟ್ ಕೊಡುವುದನ್ನು ನಿಲ್ಲಿಸೋಣ ಎಂದಾಗ ಮೀಟಿಂಗಿನಲ್ಲಿ ಒಬ್ಬರೂ ನನ್ನ ಪರ ಇರಲಿಲ್ಲ. "ಅಕ್ಕ, ಇರುವ ನಾಲ್ಕು ದಾನಿಗಳನ್ನೂ ಓಡಿಸ್ತೀರಿ" ಅಂದರು. ಈಗ ಮೂರು ವರ್ಷ ಆಯಿತು. ಆ ಮನೆಗಳ ನಮ್ಮ ಹನ್ನೊಂದು ಮಕ್ಕಳೂ ಶಾಲೆಗೆ ಹೋಗುತ್ತಿದ್ದಾರೆ. ಅದರಲ್ಲಿ ಆರು ಮಕ್ಕಳು ಎಚ್‌ಐವಿ ಪಾಸಿಟಿವ್, ಐವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಕಳೆದ ಸಲ ಪತ್ತೆಗೇ ಸಿಗದಷ್ಟು ಕಡಿಮೆ. ಸ್ವಲ್ಪ ಜಂಬದಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಮೊದಲು ಲಿಂಕ್ ವರ್ಕರ್, ಅಂದರೆ ಹಳ್ಳಿಗಳಲ್ಲಿ ಎಚ್‌ಐವಿ ಕೆಲಸ ಮಾಡುವ ಕಾರ್ಯಕರ್ತೆ ಆಗಿದ್ದವಳು, ಉಡುಪಿಯ ಕಟಪಾಡಿ, ಶಿರ್ವ ಕಡೆ. ನಿಮ್ಮಲ್ಲಿ ಹೆಚ್ಚಿನವರೂ ಇದೇ ಕೆಲಸದವರು, ಹಾಗಾಗಿ ಎಆರ್‌ಟಿ, ಅಂದರೆ ದಿನಾ ನುಂಗುವ ಎಚ್‌ಐವಿ ಮಾತ್ರೆ, ಹೇಗೆ ಕೆಲಸ ಮಾಡುತ್ತದೆ ಎಂದೆಲ್ಲ ಶುರು ಮಾಡುವುದಿಲ್ಲ.

ಆಗ ಎಂಟು ಮನೆಗೆ ತಿಂಗಳಿಗೊಂದು ಕಿಟ್ ಕೊಡುತ್ತಿದ್ದೆವು. ಅಕ್ಕಿ, ಬೇಳೆ, ಎಣ್ಣೆ, ಸೋಪು, ಸುಮಾರು ಒಂಬೈನೂರು ರೂಪಾಯಿಯದ್ದು. ರಿಕ್ಷಾದಲ್ಲಿ ಹೋಗುವುದು, ದಾನಿಗೆ ಕಳಿಸಲು ಫೋಟೋ ತೆಗೆಯುವುದು. ಒಂದು ದಿನ ಒಬ್ಬರು ಅಜ್ಜಿ ಅಂಗಳದಲ್ಲೇ ನಿಲ್ಲಿಸಿದರು. ಮಡಿಲಲ್ಲಿ ಬೀಡಿಯ ಗೆರಸೆ, ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಈ ಅಕ್ಕಿ ಬೇಡ ಮಗಾ. ಇದು ಬರಲು ಶುರುವಾದ ಮೇಲೆ ಪಕ್ಕದ ಮನೆಯವರು ಬಾವಿಗೆ ಬಿಡುವುದಿಲ್ಲ" ಎಂದು ತುಳುವಿನಲ್ಲಿ ಹೇಳಿದರು. ರೇಷನ್ ಕಾರ್ಡು ಊರಿಗೆಲ್ಲ ಉಂಟು, ಈ ಒಂದು ಮನೆಗೆ ಮಾತ್ರ ಮೇಲಿಂದ ಯಾಕೆ ಅಕ್ಕಿ ಬರುತ್ತದೆ? ಊರಿನವರು ಲೆಕ್ಕ ಹಾಕದೆ ಇರುತ್ತಾರಾ? ಕಾಯಿಲೆಯ ಸುದ್ದಿಯನ್ನು ನಾವೇ ರಿಕ್ಷಾದಲ್ಲಿ ಹೇರಿಕೊಂಡು ಹೋಗಿ ಹಂಚಿದ್ದೆವು.

ನಂತರ ಹಾಸ್ಟೆಲ್ ನೋಡಿದೆವು. ಒಬ್ಬ ಅಣ್ಣ, ಒಬ್ಬ ತಮ್ಮ. ತಮ್ಮ ಪಾಸಿಟಿವ್, ಅಣ್ಣ ಅಲ್ಲ, ಹಾಗಾಗಿ ಇಬ್ಬರನ್ನೂ ಬೇರೆ ಬೇರೆ ಕಡೆ ಹಾಕಿದರು. ನಾನೂ ಒಪ್ಪಿ ಸಹಿ ಹಾಕಿದವಳೇ. ಹತ್ತೊಂಬತ್ತನೇ ದಿನ ಚಿಕ್ಕವ ಬಸ್ಸು ಹತ್ತಿ ಅಜ್ಜಿ ಮನೆಗೆ ವಾಪಸ್. ಮಾತ್ರೆಯ ಬಾಟಲಿ ಅಲ್ಲೇ ಬಿಟ್ಟು ಬಂದಿದ್ದ.

ಆಮೇಲೆ ಹೊಳೆದದ್ದು ಟ್ಯೂಷನ್. ಊರಿನ ಭಜನಾ ಮಂದಿರದ ಹಾಲಿನಲ್ಲಿ, ನಾಲ್ಕೂವರೆಯಿಂದ ಆರು ಕಾಲು. ಯಾವ ಮಗು ಬೇಕಾದರೂ ಬರಬಹುದು. ಮೂವತ್ತೈದು ಮಕ್ಕಳು ಬರುತ್ತಾರೆ, ಅದರಲ್ಲಿ ನಮ್ಮವರು ಹನ್ನೊಂದು. ಯಾರು ನಮ್ಮವರು ಎಂದು ಟೀಚರಿಗೂ ಹೇಳಿಲ್ಲ. ಎಲ್ಲರಿಗೂ ತಿಂಗಳಿಗೆ ಐವತ್ತು ರೂಪಾಯಿ ಫೀಸು. ನಮ್ಮ ಮಕ್ಕಳ ಫೀಸನ್ನು ನಾನು ಮೊದಲೇ ಅಜ್ಜಿಯಂದಿರ ಕೈಗೆ ಕೊಡುತ್ತೇನೆ, ಅವರು ಸಾಲಿನಲ್ಲಿ ನಿಂತು ಎಲ್ಲರೆದುರು ಕಟ್ಟುತ್ತಾರೆ. ಪುಕ್ಕಟೆ ಇದ್ದರೆ ಈ ಆಟ ನಡೆಯುತ್ತಲೇ ಇರಲಿಲ್ಲ.

ವಾರಕ್ಕೆ ಮೂರು ದಿನ ಮೊಟ್ಟೆ, ಉಳಿದ ದಿನ ಹೆಸರುಕಾಳಿನ ಉಸ್ಲಿ. ಮೊಟ್ಟೆಗೆ ತಿಂಗಳಿಗೆ ಎರಡೂವರೆ ಸಾವಿರ, ಉಸ್ಲಿಗೆ ಸಾವಿರ, ಟೀಚರಿಗೆ ಮೂರು ಸಾವಿರ. ಕಿಟ್ಟಿಗೆ ಹೋಗುತ್ತಿದ್ದದ್ದು ಏಳು ಸಾವಿರದ ಮೇಲೆ. ಒಬ್ಬ ದಾನಿ "ಕಾಯಿಲೆ ಇಲ್ಲದ ಮಕ್ಕಳಿಗೆ ನಾನು ಯಾಕೆ ಮೊಟ್ಟೆ ತಿನ್ನಿಸಬೇಕು?" ಎಂದು ಕೇಳಿ ಬಿಟ್ಟೇ ಹೋದರು. ಎಂಟು ತಿಂಗಳು ಕೈಯಿಂದ ಹಾಕಿದೆ, ಹದಿನೈದು ಹದಿನಾರು ಸಾವಿರ ಇರಬಹುದು. ಮನೆಯವರಿಗೆ ಇವತ್ತಿಗೂ ಪೂರ್ತಿ ಲೆಕ್ಕ ಗೊತ್ತಿಲ್ಲ.

ಮಾತ್ರೆಯದ್ದು ಬೇರೆಯೇ ಕತೆ. ಟೈಮ್ ತಪ್ಪಬಾರದು ಅಂತ ಅಜ್ಜಿಯಂದಿರಿಗೆ ಟಿವಿ ಧಾರಾವಾಹಿಯ ಗುರುತು ಕೊಟ್ಟಿದ್ದೆ. ಧಾರಾವಾಹಿ ಮುಗಿಯಿತು, ಮಾತ್ರೆ ನುಂಗು. ಬಹಳ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ತಿಂಗಳ ಕೊನೆಗೆ ಬಾಟಲಿ ಎಣಿಸಿದರೆ ನಾಲ್ಕು ಮಾತ್ರೆ ಉಳಿದಿದೆ. ಮುಂದಿನ ತಿಂಗಳೂ ನಾಲ್ಕೇ. ಬೈದೆ, ಅಜ್ಜಿ ಅತ್ತರು, ಮಗುವೂ ಅತ್ತಿತು. ಎರಡು ತಿಂಗಳಾದ ಮೇಲೆ ತಲೆಗೆ ಹೋಯಿತು, ಭಾನುವಾರ ಧಾರಾವಾಹಿ ಇಲ್ಲ ಅಲ್ವಾ! ಆ ಮೇಲೆ ಕೋಳಿ ಇರುವ ಮನೆಗಳಲ್ಲಿ ಕೋಳಿ ಗೂಡಿಗೆ ಹಾಕುವ ಹೊತ್ತಿಗೆ ಅಂತ ಮಾಡಿದೆ. ಕೋಳಿಗೆ ಭಾನುವಾರ ಇಲ್ಲ. ಬದಲಾಯಿಸುವ ಮೊದಲು ಎಆರ್‌ಟಿ ಸೆಂಟರಿನ ಕೌನ್ಸೆಲರ್ ಹತ್ತಿರ ಕೇಳಿದೆ. ನೀವೂ ಕೇಳಿಯೇ ಮಾಡಿ, ಕೆಲವು ಮಾತ್ರೆ ಮಲಗುವ ಹೊತ್ತಿಗೇ ಕೊಡಬೇಕು.

ಆರನೆಯ ಹುಡುಗನ ಲೋಡ್ ಏರಿದ್ದು ನನ್ನದೇ ತಪ್ಪು. ಹನ್ನೆರಡು ವರ್ಷ ಆಗಿತ್ತು, "ರಕ್ತಕ್ಕೆ ಶಕ್ತಿಯ ಮಾತ್ರೆ" ಎಂದೇ ಹೇಳುತ್ತಾ ಬಂದಿದ್ದೆವು. ಅವನು ಲೇಬಲ್ ನೋಡಿ ಮಾವನ ಮೊಬೈಲಿನಲ್ಲಿ ಹುಡುಕಿದ್ದಾನೆ. ಎರಡು ತಿಂಗಳು ಮಾತ್ರೆಯನ್ನು ತೆಂಗಿನ ಕಟ್ಟೆಯ ಮಣ್ಣಿಗೆ ಹಾಕಿದ. ಈಗ ಎಂಟು ಒಂಬತ್ತು ವರ್ಷಕ್ಕೇ ಕಾಯಿಲೆಯ ವಿಷಯ ಸ್ವಲ್ಪ ಸ್ವಲ್ಪವಾಗಿ ಹೇಳಲು ಶುರು ಮಾಡುತ್ತೇವೆ. ಅವನಿಗೆ ಹೇಗೆ ಸಮಾಧಾನ ಮಾಡಿದೆ ಎಂಬುದು ನನಗೂ ಅವನಿಗೂ ಇರಲಿ.

ಸರ್ಕಾರದ ದುಡ್ಡಿಗೆ ಬರುತ್ತೇನೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗುವನ್ನು ಸಾಕಲು ಕೊಡುವ ದುಡ್ಡು, ತಿಂಗಳಿಗೆ 4000, ಹಳ್ಳಿಯಲ್ಲಿ ವರ್ಷಕ್ಕೆ 72,000ದ ಒಳಗೆ ಆದಾಯ ಇರಬೇಕು. ಒಂದು ಮನೆಯಲ್ಲಿ ಅಪ್ಪ ತೀರಿಕೊಂಡದ್ದು ಮುಂಬೈಯಲ್ಲಿ, ಹೋಟೆಲ್ ಕೆಲಸದಲ್ಲಿದ್ದವರು. ಅರ್ಜಿಗೆ ಬೇಕಾದ ಮರಣ ಪತ್ರ ಅಲ್ಲಿಂದಲೇ ಬರಬೇಕು. ಹದಿನಾಲ್ಕು ತಿಂಗಳು ಹಿಡಿಯಿತು. ಹಾಗಾಗಿ ಅರ್ಜಿ ಫಾರಂ ಕೊನೆಗೆ ನೋಡಿಕೊಳ್ಳಿ, ಮೊದಲು ಮರಣ ಪತ್ರದ ಹಿಂದೆ ಬೀಳಿ.

ಇನ್ನೊಂದು ಮನೆಯಲ್ಲಿ ಅಜ್ಜಿಯೂ ಇಲ್ಲ, ಹದಿನೈದರ ಅಕ್ಕ, ಎಂಟರ ತಂಗಿ. ಬ್ಯಾಂಕಿನಲ್ಲಿ "ದೊಡ್ಡವರನ್ನು ಕರೆದುಕೊಂಡು ಬಾ" ಅಂದರು. ದೊಡ್ಡವರು ಅಂದರೆ ಆಸ್ತಿಯ ಮೇಲೆ ಕಣ್ಣಿಟ್ಟ ಒಬ್ಬ ಸಂಬಂಧಿಕ. 2017ರ ಎಚ್‌ಐವಿ ಕಾಯ್ದೆಯಲ್ಲಿ ಇದಕ್ಕೆ ದಾರಿ ಉಂಟು, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. 12 ತುಂಬಿದ, ಮನೆ ನಡೆಸುವ ತಿಳಿವಳಿಕೆ ಇರುವ ಅಕ್ಕ ಅಥವಾ ಅಣ್ಣ 18 ತುಂಬದ ಒಡಹುಟ್ಟಿದವರಿಗೆ ಪೋಷಕರಾಗಿ ಸಹಿ ಹಾಕಬಹುದು. ಶಾಲೆಗೆ ಸೇರಿಸಲು, ಬ್ಯಾಂಕ್ ಖಾತೆಗೆ, ಚಿಕಿತ್ಸೆಗೆ, ಎಲ್ಲದಕ್ಕೂ. 32ನೇ ಸೆಕ್ಷನ್. ಜೆರಾಕ್ಸ್ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮೂರನೇ ಸಲ ಹೋದಾಗ ಕೆಲಸ ಆಯಿತು. ಆ ಸಂಬಂಧಿಕನ ಬಾಯಿ ಹೇಗೆ ಮುಚ್ಚಿಸಿದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ, ಎದುರು ಸಿಕ್ಕಿದಾಗ ಹೇಳುತ್ತೇನೆ.

ನಡುವೆ ಮಲ್ಲಿಗೆಯ ಹುಚ್ಚೂ ಹಿಡಿದಿತ್ತು. ಪಕ್ಕದಲ್ಲೇ ಮಲ್ಲಿಗೆಗೆ ಹೆಸರಾದ ಶಂಕರಪುರ ಇಟ್ಟುಕೊಂಡು ಸುಮ್ನೆ ಕೂರುವುದು ಹೇಗೆ? ಐದು ಮನೆಗೆ ಹತ್ತತ್ತು ಗಿಡ ಕೊಟ್ಟೆವು. ಮಳೆಗೆ ನೀರು ನಿಂತು ಮೂರು ಮನೆಯಲ್ಲಿ ಬೇರು ಕೊಳೆಯಿತು, ಒಂದು ಕಡೆ ದನ ಮೇಯ್ದಿತು. ಉಳಿದದ್ದು ಒಂದೇ, ಕಿಟ್ ಬೇಡ ಅಂದರಲ್ಲ, ಆ ಅಜ್ಜಿಯದ್ದು. ಅವರು ಮೊದಲೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಟ್ಟಿದ್ದರು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಸೀಸನ್ನಿನಲ್ಲಿ ಅವರು ಬಾಳೆ ನಾರಿನಲ್ಲಿ ದಿನಕ್ಕೊಂದು ಚೆಂಡು ಕಟ್ಟಿ ಕೊಡುತ್ತಾರೆ. ಮದುವೆ ಇದ್ದಾಗ ಚೆಂಡಿಗೆ ಇನ್ನೂರೈವತ್ತರ ಮೇಲೂ ಸಿಕ್ಕಿದ್ದುಂಟು, ಮಳೆಗಾಲದಲ್ಲಿ ಕೇಳಬೇಡಿ. ಆದರೂ ಬೀಡಿಗಿಂತ ಕೈಗೆ ಹಿತ ಅನ್ನುತ್ತಾರೆ.

ಬಾವಿಗೆ ಬಿಡದ ಆ ಪಕ್ಕದ ಮನೆಯವರ ಮೊಮ್ಮಗನೂ ಟ್ಯೂಷನ್ನಿಗೆ ಬರುತ್ತಾನೆ. ಅಜ್ಜಿಯ ಮೊಮ್ಮಗನ ಜೊತೆ ಒಂದೇ ಚಾಪೆ. ಮೊನ್ನೆ ಅವನ ತಾಯಿ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. ಏನು ಗೊತ್ತಾಯಿತೋ ಎಂದು ನನಗೆ ಎದೆ ಹೊಡೆದುಕೊಂಡಿತು. "ಅಕ್ಕ, ಈ ಸಲದ ಮೊಟ್ಟೆ ತುಂಬಾ ಸಣ್ಣದಂತೆ, ಅಂಗಡಿಯವರಿಗೆ ಸ್ವಲ್ಪ ಜೋರು ಮಾಡಿ" ಅಂದರು.