ಬಳ್ಳಾರಿಯಲ್ಲಿ ಕೂತು ಇ-ಕಾಮರ್ಸ್ ಸಾಫ್ಟ್‌ವೇರ್ ಕಂಪನಿ ಕಟ್ಟೋದು: ಶುರು ಗೋಡೌನ್‌ನಿಂದ, ವೆಬ್‌ಸೈಟ್‌ನಿಂದಲ್ಲ

ಇ-ಕಾಮರ್ಸ್ ಸಾಫ್ಟ್‌ವೇರ್ ಮಾಡಿ ಮಾರಬೇಕು ಅಂತ ಹೊರಟವರು ಮೊದಲು ಕೈ ಹಾಕುವುದು ವೆಬ್‌ಸೈಟಿಗೆ. ಚೆಂದದ ಮುಖಪುಟ, ಕಾರ್ಟ್, ಪೇಮೆಂಟ್ ಬಟನ್. ಬಳ್ಳಾರಿಯ ಜೀನ್ಸ್ ತಯಾರಕರಿಗೆ ಇದ್ಯಾವುದೂ ತಲೆನೋವಲ್ಲ. ಅವರ ಮಾಲು ಮಾರ್ಕೆಟ್‌ಪ್ಲೇಸ್‌ಗಳಲ್ಲಿ, ವಾಟ್ಸಾಪ್ ಗ್ರೂಪುಗಳಲ್ಲಿ ಹೇಗೋ ಮಾರಾಟವಾಗುತ್ತದೆ. ತಲೆನೋವು ಇರುವುದು ಗೋಡೌನ್‌ನಲ್ಲಿ. "32 ಸೈಜ್ ಕಪ್ಪು ಎಷ್ಟದಾವು?" ಅಂದರೆ "ಬೇಕಾದಷ್ಟು ಅದಾವ್ರೀ" ಅನ್ನುತ್ತಾರೆ. ಆರ್ಡರ್ ಬಂದ ಮೇಲೆ ಹುಡುಕಿದರೆ ಎರಡೇ ಪೀಸು, ಅದರಲ್ಲೊಂದಕ್ಕೆ ಜಿಪ್ ಇಲ್ಲ. ನೀವು ಮಾರಬೇಕಾದದ್ದು ಆ ಎಣಿಕೆಯನ್ನು. ಉಳಿದದ್ದೆಲ್ಲ ಅದರ ಮೇಲೆ ಹೊದಿಸುವ ಬಟ್ಟೆ.

ಒಂದು ಕಸುಬು ಹಿಡಿಯಿರಿ

"ಎಲ್ಲ ಅಂಗಡಿಗೂ ಆಗುವ ಸಾಫ್ಟ್‌ವೇರ್" ಅಂದುಕೊಂಡರೆ ದುಡ್ಡಿರುವ ದೊಡ್ಡ ಕಂಪನಿಗಳ ಜತೆ ಕುಸ್ತಿಗೆ ಇಳಿದಂತೆ. ಈ ಭಾಗದಲ್ಲಿ ಕಣ್ಣೆದುರಿಗೆ ಮೂರು ಕಸುಬುಗಳಿವೆ: ಬಳ್ಳಾರಿಯ ಜೀನ್ಸ್, ಗಂಗಾವತಿ-ಸಿಂಧನೂರಿನ ಅಕ್ಕಿ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆ. ಹೊರಗಿನಿಂದ ನೋಡಿದರೆ ಮೂರೂ "ಸರಕು", ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಜೀನ್ಸಿನಲ್ಲಿ ಒಂದೇ ಡಿಸೈನ್ ಐದು ಸೈಜು, ಮೂರು ಬಣ್ಣ, ಬೇರೆ ಬೇರೆ ಲಾಟ್ (ಒಟ್ಟಿಗೆ ತಯಾರಾದ ಕಂತು) ಆಗುತ್ತದೆ. ಹೋಲ್‌ಸೇಲ್‌ನವರಿಗೆ ಅದೇ ಮಾಲು ಸೆಟ್ ಲೆಕ್ಕದಲ್ಲಿ ಹೋಗುತ್ತದೆ, ಆನ್‌ಲೈನ್‌ನಲ್ಲಿ ಬಿಡಿ ಪೀಸಾಗಿ. ಸೆಟ್ ಒಡೆದು ಒಂದು 34 ಮಾರಿದರೆ ಉಳಿದ ನಾಲ್ಕು ಪೀಸು ಸೆಟ್ಟಿನ ಲೆಕ್ಕದಿಂದ ಹೊರಬೀಳಬೇಕು. ಇದೊಂದನ್ನು ಸರಿಯಾಗಿ ಮಾಡುವ ಸಾಫ್ಟ್‌ವೇರ್ ಸಿಕ್ಕರೆ ಸಾವುಕಾರರು ಕಿವಿಗೊಡುತ್ತಾರೆ.

ಅಕ್ಕಿಗೆ ಸೈಜಿನ ಗೊಡವೆಯಿಲ್ಲ. ಅಲ್ಲಿ ತೂಕವೇ ತೆರಿಗೆ ಹೇಳುತ್ತದೆ. ಮೊದಲೇ ತುಂಬಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಚೀಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಯಾಕೆ ಕಾಣಿಸಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಒಂದು ಕೆ.ಜಿ. ಹೆಚ್ಚಾದರೆ ಬಿಲ್ಲೇ ಬೇರೆ.

ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಬೇಡಿಕೆಯೂ ಇದೆ. ಆದರೆ ಮಾಡುವ ಮನೆತನಗಳು ಕೆಲವೇ, ತಿಂಗಳಿಗೆ ಚಂದಾ ಕಟ್ಟುವಷ್ಟು ವಹಿವಾಟು ಒಬ್ಬೊಬ್ಬರ ಬಳಿ ಇರುವುದಿಲ್ಲ. ಅಭಿಮಾನಕ್ಕೆ ಮಾಡಿ, ವ್ಯಾಪಾರಕ್ಕಲ್ಲ.

ಮುಂದೆ ಹೇಳುವುದು ಜೀನ್ಸ್ ಹಿಡಿದವರಿಗೆ.

ಕೋಡ್ ಬರೆಯುವ ಮೊದಲು ಒಂದು ವಾರ

ಮೂರು ಬೇರೆ ಬೇರೆ ಗೋಡೌನ್‌ಗಳಲ್ಲಿ ಎರಡೆರಡು ದಿನ ಕೂರಲು ಅನುಮತಿ ಕೇಳಿ. ಲ್ಯಾಪ್‌ಟಾಪ್ ಬೇಡ, ನೋಟ್‌ಬುಕ್ ಸಾಕು. ಬರೆದುಕೊಳ್ಳಬೇಕಾದದ್ದು: ಹೊಲಿಗೆ ಮುಗಿದು ವಾಶಿಂಗ್‌ಗೆ (ತೊಳೆದು ಹದ ಮಾಡುವ ಘಟಕಕ್ಕೆ) ಹೋದ ಮಾಲು ವಾಪಸ್ ಬಂದಾಗ ಯಾರು ಎಣಿಸುತ್ತಾರೆ, ಎಣಿಸಿದ್ದನ್ನು ಎಲ್ಲಿ ಬರೆಯುತ್ತಾರೆ, ಪ್ಯಾಕಿಂಗ್ ಹುಡುಗ ಒಂದು ಆರ್ಡರಿಗೆ ಎಷ್ಟು ನಿಮಿಷ ತಗೊಳ್ಳುತ್ತಾನೆ, ರಿಟರ್ನ್ ಬಂದ ಕವರು ಒಡೆಯದೆ ಎಷ್ಟು ದಿನ ಮೂಲೆಯಲ್ಲಿ ಬೀಳುತ್ತದೆ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮೂಲೆಯ ರಾಶಿಯೇ ನಿಮ್ಮ ಮಾರುಕಟ್ಟೆ.

ಕೆಲಸಗಾರರು ಮಾತಾಡುವ ಭಾಷೆಯನ್ನೂ ಗಮನಿಸಿ. ಬಳ್ಳಾರಿಯಲ್ಲಿ ಒಂದೇ ಟೇಬಲ್ಲಿನ ಸುತ್ತ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಪ್ಯಾಕಿಂಗ್ ಪರದೆಯಲ್ಲಿ ವಾಕ್ಯಗಳೇ ಇರಬಾರದು. ಫೋಟೊ, ದೊಡ್ಡ ಅಂಕಿಯಲ್ಲಿ ಸೈಜು, ಹಸಿರು ಅಥವಾ ಕೆಂಪು. ಅಷ್ಟೆ.

ಲೆಕ್ಕದ ಒಳಗಿನ ಕಟ್ಟಡ

ಸ್ಟಾಕನ್ನು ಒಂದು ಸಂಖ್ಯೆಯಾಗಿ ಇಟ್ಟು ಮೇಲೆ ಕೆಳಗೆ ತಿದ್ದುವುದು ಹೊಸಬರು ಮಾಡುವ ಮೊದಲ ತಪ್ಪು. ಸಂಜೆ ಲೆಕ್ಕ ತಪ್ಪಿದರೆ ಯಾಕೆ ತಪ್ಪಿತು ಅಂತ ಹುಡುಕಲು ಏನೂ ಉಳಿದಿರುವುದಿಲ್ಲ. ಹಳೆಯ ಅಂಗಡಿಗಳ ಖಾತೆ ಪುಸ್ತಕ ನೋಡಿ: ಬರೆದದ್ದನ್ನು ಅಳಿಸುವುದಿಲ್ಲ, ಗೀಟು ಹೊಡೆದು ಇನ್ನೊಂದು ಸಾಲು ಬರೆಯುತ್ತಾರೆ. ಡೇಟಾಬೇಸೂ ಹಾಗೇ ಇರಲಿ. ಬಂದದ್ದು, ಹೋದದ್ದು, ವಾಪಸಾದದ್ದು, ಹಾಳಾದದ್ದು ಪ್ರತಿಯೊಂದೂ ಒಂದು ಸಾಲು. ಯಾರು, ಯಾವಾಗ, ಯಾಕೆ ಅನ್ನುವುದು ಜತೆಗೆ. ಇವತ್ತಿನ ಸ್ಟಾಕ್ ಅಂದರೆ ಆ ಸಾಲುಗಳ ಒಟ್ಟು ಮೊತ್ತ.

ಕೊನೆಯ ಒಂದು ಪೀಸಿಗೆ ಎರಡು ಕಡೆಯಿಂದ ಒಂದೇ ಕ್ಷಣ ಆರ್ಡರ್ ಬರುತ್ತದೆ. ಹಬ್ಬದ ವಾರದಲ್ಲಿ ದಿನಕ್ಕೆ ನಾಲ್ಕಾರು ಸಲ ಬರುತ್ತದೆ. "ಮೊದಲು ಓದಿ, ಆಮೇಲೆ ಕಳೆ" ಅಂತ ಎರಡು ಹೆಜ್ಜೆಯಲ್ಲಿ ಬರೆದರೆ ಇಬ್ಬರಿಗೂ ಮಾರಿಬಿಡುತ್ತೀರಿ. ಆ ಸೈಜು-ಬಣ್ಣದ ಲೆಕ್ಕಕ್ಕೆ ಬೀಗ ಹಾಕಿ, ಓದುವುದು-ಕಳೆಯುವುದು ಎರಡೂ ಒಟ್ಟಿಗೆ ಆಗುವ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಳೆಯಬೇಕು, ಉಳಿಕೆ ಸೊನ್ನೆಗಿಂತ ಕೆಳಗೆ ಹೋಗುವಂತಿದ್ದರೆ ಡೇಟಾಬೇಸೇ ಒಪ್ಪಬಾರದು. ಹಣ ಕಟ್ಟುತ್ತಿರುವ ಗಿರಾಕಿಗೆ ಪೀಸನ್ನು 15 ನಿಮಿಷ ಕಾದಿರಿಸಿ, ಕಟ್ಟದಿದ್ದರೆ ಬಿಟ್ಟುಕೊಡಿ.

ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ದಶಮಾಂಶದಲ್ಲಿ ಬೇಡ. ಪೇಮೆಂಟ್ ಗೇಟ್‌ವೇ (ಗಿರಾಕಿಯ ಹಣ ಪಡೆದು ಮುಟ್ಟಿಸುವ ಸೇವೆ) "ಹಣ ಬಂತು" ಅಂತ ಕಳಿಸುವ ಸುದ್ದಿ ಎರಡು ಸಲ ಬರಬಹುದು, ಬರದೆಯೂ ಇರಬಹುದು. ಪ್ರತಿ ಸುದ್ದಿಯ ಗುರುತು ಸಂಖ್ಯೆ ದಾಖಲಿಸಿ, ಎರಡನೆಯದನ್ನು ತಳ್ಳಿಹಾಕಿ. ಬಾರದೇ ಹೋದದ್ದನ್ನು ಹತ್ತು ನಿಮಿಷಕ್ಕೊಮ್ಮೆ ನೀವೇ ಕೇಳಿ ತಿಳಿದುಕೊಳ್ಳಿ. ಕಾರ್ಡ್ ನಂಬರು ನಿಮ್ಮ ಸರ್ವರಿನಲ್ಲಿ ಇಡುವಂತಿಲ್ಲ. 2022ರ ಅಕ್ಟೋಬರ್ 1ರಿಂದ ಕಾರ್ಡ್ ನಂಬರಿನ ಬದಲು ಸಂಕೇತ ಬಳಸುವ ರಿಸರ್ವ್ ಬ್ಯಾಂಕಿನ ಟೋಕನ್ ನಿಯಮ ಜಾರಿಯಲ್ಲಿದೆ.

ತೆರಿಗೆ ದರವನ್ನು ಕೋಡಿನೊಳಗೆ ಬರೆಯಬೇಡಿ. ಸಿದ್ಧ ಉಡುಪಿಗೆ ಪೀಸಿಗೆ 1,000 ರೂಪಾಯಿವರೆಗೆ ಶೇ 5, ಅದರ ಮೇಲೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಂದು ಬದಲಾಯಿತು: ಈಗ ಗಡಿ 2,500, ಅದರ ಮೇಲೆ ಶೇ 18. ದರದ ಜತೆ "ಯಾವ ದಿನದಿಂದ" ಅನ್ನುವ ಕಾಲಂ ಇರಬೇಕು. ಹಳೆಯ ಬಿಲ್ಲಿನ ಮಾಲು ಇವತ್ತು ವಾಪಸ್ ಬಂದರೆ ಕ್ರೆಡಿಟ್ ನೋಟ್ (ಹಣ ವಾಪಸಿನ ಚೀಟಿ) ಹಳೆಯ ದರದಲ್ಲೇ ಆಗಬೇಕಲ್ಲ. ಇನ್ನೊಂದು: ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ತೆಲಂಗಾಣ 36, ಆಂಧ್ರ 37. ಬಳ್ಳಾರಿಯಿಂದ ಆಂಧ್ರದ ಆದೋನಿಗೆ ಮಾಲು ಹೋದರೆ ದಾರಿ ಹತ್ತಿರ, ತೆರಿಗೆ ಮಾತ್ರ ರಾಜ್ಯದಾಚೆಗಿನ ಮಾರಾಟಕ್ಕೆ ಬೀಳುವ ಐಜಿಎಸ್‌ಟಿ. ದೂರದ ಬೀದರಿಗೆ ಹೋದರೆ ರಾಜ್ಯದೊಳಗಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ.

ವಿಳಾಸದ ವಿಷಯದಲ್ಲಿ ಊರವರಿಗೆ ಮಾತ್ರ ಗೊತ್ತಿರುವ ಗೊಂದಲ ಒಂದಿದೆ. 583ರಿಂದ ಶುರುವಾಗುವ ಪಿನ್‌ಕೋಡ್ ಬಳ್ಳಾರಿಯದ್ದೂ ಹೌದು, ಕೊಪ್ಪಳದ್ದೂ ಹೌದು, 2021ರಲ್ಲಿ ಹೊಸದಾಗಿ ಆದ ವಿಜಯನಗರ ಜಿಲ್ಲೆಯದ್ದೂ ಹೌದು. ಪುಕ್ಕಟೆ ಸಿಗುವ ಪಿನ್‌ಕೋಡ್ ಪಟ್ಟಿಗಳಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇರಬಹುದು, ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೂ 2014ಕ್ಕಿಂತ ಹಿಂದಿನದೇ (Hospet) ಇರಬಹುದು. ಜಿಲ್ಲೆಯನ್ನು ತಾನಾಗಿ ತುಂಬಿಸಿದರೂ ತಿದ್ದಲು ಬಿಡಿ.

ಕನ್ನಡದಲ್ಲಿ ಬಿಲ್ ಕೊಡುತ್ತೇವೆ ಅಂತ ಮಾತು ಕೊಡುವ ಮುನ್ನ ಪಿಡಿಎಫ್ ತೆಗೆದು ಒತ್ತಕ್ಷರ ನೋಡಿ. ಪಿಡಿಎಫ್ ಮಾಡುವ ಬಹಳಷ್ಟು ಕೋಡ್ ಲೈಬ್ರರಿಗಳಲ್ಲಿ "ಬಳ್ಳಾರಿ" ಒಡೆದು ಎರಡು ಳಕಾರ ಅಕ್ಕಪಕ್ಕ ಕೂರುತ್ತವೆ. ಹಳೆಯ 'ನುಡಿ' (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲಿನಿಂದ ಎತ್ತಿ ಹಾಕಿದ ಹೆಸರುಗಳು ಯೂನಿಕೋಡ್ ಆಗಿರದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತವೆ. ಒಳಗೆ ತಗೊಳ್ಳುವಾಗಲೇ ಪರಿವರ್ತಿಸಿ.

ದುಡ್ಡು ಸೋರುವ ಜಾಗ: ರಿಟರ್ನ್

ಒಂದು ಲೆಕ್ಕ ಹಾಕೋಣ. ಪ್ಯಾಂಟಿನ ಮಾರಾಟ ಬೆಲೆ ತೆರಿಗೆ ಸೇರಿ 699, ತೆರಿಗೆ ಕಳೆದರೆ 666. ತಯಾರಿಕೆ 420, ಕಳಿಸುವ ಖರ್ಚು 75, ಕವರು-ಲೇಬಲ್ 8 ಅಂತಿಟ್ಟುಕೊಳ್ಳಿ. ತಲುಪಿದ ಪ್ರತಿ ಪೀಸಿಗೆ ಉಳಿಯುವುದು 163. ಬಾಗಿಲಿಗೆ ಹೋಗಿ ವಾಪಸ್ ಬಂದದ್ದಕ್ಕೆ ಕಳಿಸಿದ 75, ಕವರಿನ 8, ತಿರುಗಿ ಬರುವ ಖರ್ಚು 65 ಸೇರಿ 148 ನಷ್ಟ. ನೂರು ಕ್ಯಾಶ್ ಆನ್ ಡೆಲಿವರಿ ಆರ್ಡರಿನಲ್ಲಿ 40 ವಾಪಸಾದರೆ 9,780ರಲ್ಲಿ 5,920 ಹೋಗಿ ಕೈಗೆ 3,860. ವಾಪಸಾಗುವುದು 25ಕ್ಕೆ ಇಳಿದರೆ 8,525. ಆರ್ಡರ್ ಒಂದೂ ಹೆಚ್ಚಲಿಲ್ಲ, ಲಾಭ ಎರಡು ಪಟ್ಟು ದಾಟಿತು. ಸಾವುಕಾರರ ಮುಂದೆ ಈ ಲೆಕ್ಕವನ್ನು ಅವರದೇ ಅಂಕಿ ಹಾಕಿ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ. ಪವರ್‌ಪಾಯಿಂಟ್ ಬೇಕಾಗುವುದಿಲ್ಲ.

ಇಳಿಸುವುದು ಹೇಗೆ? ದೊಡ್ಡ ಕಾರಣ ಸೈಜು. ಸೊಂಟದ ಪಟ್ಟಿಯ ಮೇಲೆ 32 ಅಂತ ಇದ್ದರೂ ವಾಶಿಂಗ್ ಆದ ಮೇಲೆ ಬಟ್ಟೆ ಕುಗ್ಗುತ್ತದೆ, ಲಾಟಿನಿಂದ ಲಾಟಿಗೆ ಅಳತೆ ಬೇರೆ. ವಾಶಿಂಗ್‌ನಿಂದ ಬಂದ ಪ್ರತಿ ಲಾಟಿನಲ್ಲಿ ಸೈಜಿಗೆ ಮೂರು ಪೀಸು ಟೇಬಲ್ ಮೇಲೆ ಹಾಸಿ ಸೊಂಟ, ತೊಡೆ, ಉದ್ದ ಇಂಚಿನಲ್ಲಿ ಅಳೆಸಿ, ಆ ಅಳತೆಯನ್ನೇ ಗಿರಾಕಿಗೆ ತೋರಿಸುವಂತೆ ಸಾಫ್ಟ್‌ವೇರ್ ಮಾಡಿ. ಕಟಿಂಗ್ ಮಾಸ್ಟರ್ ಕೊಟ್ಟ ಅಳತೆ ಹಾಕಿದರೆ ಕೆಲಸ ಕೆಟ್ಟಿತು. ಎರಡನೆಯದು, ಕಳಿಸುವ ಮೊದಲು ವಾಟ್ಸಾಪಿನಲ್ಲಿ "ಹೌದು/ಬೇಡ" ಕೇಳುವ ಸಂದೇಶ. ಮೂರನೆಯದು, ಮುಂಗಡ ಹಣ ಕಟ್ಟಿದವರಿಗೆ 40 ರೂಪಾಯಿ ರಿಯಾಯಿತಿ. ಒಂದು ವಾಪಸ್ ಪಾರ್ಸೆಲ್ ತಪ್ಪಿದರೆ ಇಂಥ ಮೂರು ರಿಯಾಯಿತಿ ಹೊರಟವು.

ಕೊರಿಯರ್ ತೂಕದ ಬಗ್ಗೆ ಎಚ್ಚರ ಇರಲಿ. ಬಹುತೇಕರು 500 ಗ್ರಾಂ ಮೆಟ್ಟಿಲಿನಲ್ಲಿ ದರ ಹಾಕುತ್ತಾರೆ. 600 ಗ್ರಾಂ ಪ್ಯಾಂಟಿಗೆ ಒಂದು ಕೆ.ಜಿ. ದರ ಬೀಳುತ್ತದೆ. ಅದರ ಮೇಲೆ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ಗಾತ್ರದ ತೂಕವನ್ನೂ ನೋಡಿ, ಎರಡರಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. 30×25×5 ಕವರು 750 ಗ್ರಾಂ ಲೆಕ್ಕ. ಅದೇ ಕವರು ಉಬ್ಬಿ ಎತ್ತರ 8 ಆದರೆ 1.2 ಕೆ.ಜಿ., ಮೆಟ್ಟಿಲು ಒಂದು ಮೇಲೆ. ಪ್ಯಾಕ್ ಮಾಡುವಾಗ ತಕ್ಕಡಿಯ ಮೇಲಿನ ಫೋಟೊ ತೆಗೆದು ಆರ್ಡರಿಗೆ ಅಂಟಿಸುವ ಸೌಲಭ್ಯ ಕೊಡಿ. ತಿಂಗಳ ಕೊನೆಯ ತಕರಾರಿನಲ್ಲಿ ಅದೇ ಸಾಕ್ಷಿ.

ಲೇಬಲ್ ಪ್ರಿಂಟರು 4×6 ಇಂಚಿನದು. "ಪುಟಕ್ಕೆ ಹೊಂದಿಸು" ಆಯ್ಕೆ ಆನ್ ಇದ್ದರೆ ಬಾರ್‌ಕೋಡ್ ಕುಗ್ಗಿ ಸ್ಕ್ಯಾನ್ ಆಗುವುದಿಲ್ಲ. ಹೊಸ ಗಿರಾಕಿಗಳ ಮೊದಲ ದಿನದ ಫೋನ್ ಕರೆಗಳಲ್ಲಿ ಇದೇ ದೂರು ಹೆಚ್ಚು. ಥರ್ಮಲ್ (ಶಾಖದಿಂದ ಅಚ್ಚಾಗುವ) ಲೇಬಲ್ ಸುರುಳಿಯನ್ನು ನಮ್ಮ ಬಿಸಿಲಿಗೆ ಕಿಟಕಿ ಪಕ್ಕ ಇಡಬೇಡಿ ಅನ್ನುವುದನ್ನೂ ಅವತ್ತೇ ಹೇಳಿಬಿಡಿ.

ಬೆಲೆ, ವಸೂಲಿ ಮತ್ತು ಮನಸ್ಸು

ಪುಕ್ಕಟೆ ಕೊಡಬೇಡಿ. ಪುಕ್ಕಟೆ ತಗೊಂಡವರು ಸ್ಟಾಕ್ ಎಣಿಸಿ ತುಂಬುವ ಕಷ್ಟ ಪಡುವುದಿಲ್ಲ, ತುಂಬದೆ ಉಪಯೋಗವಿಲ್ಲ, ಉಪಯೋಗವಿಲ್ಲದ್ದಕ್ಕೆ ದುಡ್ಡು ಕೊಡುವುದಿಲ್ಲ. ಶುರುವಿಗೆ 5,000 ತಗೊಳ್ಳಿ. ಆ ದುಡ್ಡಿಗೆ ನಿಮ್ಮ ಹುಡುಗ ಎರಡು ದಿನ ಗೋಡೌನ್‌ನಲ್ಲಿ ನಿಂತು ಪ್ರತಿ ಪೀಸಿಗೂ ಬಾರ್‌ಕೋಡ್ ಅಂಟಿಸಿ ಎಣಿಸಿಕೊಡಲಿ. ಆಮೇಲೆ ತಿಂಗಳಿಗೆ 1,500.

40 ಗಿರಾಕಿಗಳಾದರೆ ತಿಂಗಳಿಗೆ 60,000. ಸರ್ವರ್, ಬ್ಯಾಕಪ್ 6,000, ಸಪೋರ್ಟ್ ಹುಡುಗನ ಪಗಾರ 18,000, ಬಾಡಿಗೆ-ಕರೆಂಟು 8,000, ಸಂದೇಶ-ಫೋನು 4,000, ಲೆಕ್ಕಪತ್ರ-ಓಡಾಟ 4,000 ಹಿಡಿದರೆ ಉಳಿಯುವುದು 20,000. ಅಂದರೆ 40 ಆಗುವವರೆಗೆ ಮನೆ ಖರ್ಚಿಗೆ ಬೇರೆ ವ್ಯವಸ್ಥೆ ಇರಲೇಬೇಕು. ಒಂದು ವರ್ಷದ ಮನೆ ಖರ್ಚು ಪಕ್ಕಕ್ಕಿಡದೆ ಕೆಲಸ ಬಿಡುವುದನ್ನು ಧೈರ್ಯ ಅನ್ನಲಾಗದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪುಕ್ಕಟೆ, ಮಾಡಿಸಿಕೊಳ್ಳಿ. ಸೇವೆಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 20 ಲಕ್ಷ. ದಾಟಿದ ಮೇಲೆ ಬಿಲ್ಲಿಗೆ ಶೇ 18 ಸೇರುತ್ತದೆ ಅಂತ ಮೊದಲೇ ಕರಾರಿನಲ್ಲಿ ಬರೆದಿಡಿ.

ಉದ್ರಿ ಇಲ್ಲಿಯ ವ್ಯಾಪಾರದ ಉಸಿರು. ಬಟ್ಟೆಗೆ, ವಾಶಿಂಗ್‌ಗೆ, ಎಲ್ಲದಕ್ಕೂ "ಮುಂದಿನ ತಿಂಗಳು ನೋಡೋಣ್ರಿ". ನಿಮ್ಮ ಚಂದಾ ಆ ಸಾಲಿನ ತುದಿಯಲ್ಲಿ ನಿಲ್ಲುತ್ತದೆ. ಯುಪಿಐ ಆಟೋಪೇ ಹಚ್ಚಿಸಿ. 15,000ದವರೆಗೆ ಪ್ರತಿ ತಿಂಗಳು ಪಿನ್ ಒತ್ತಬೇಕಿಲ್ಲ. ಕಟ್ಟದವರ ಸೇವೆ ನಿಲ್ಲಿಸಬೇಕಾಗಿ ಬಂದರೂ ಹೊಸ ಆರ್ಡರ್ ನಿಲ್ಲಿಸಿ, ಹಳೆಯ ಲೆಕ್ಕ ನೋಡುವುದನ್ನು ತಡೆಯಬೇಡಿ. ಲೆಕ್ಕ ಒತ್ತೆ ಇಟ್ಟುಕೊಂಡವನ ಹೆಸರು ಒಂದೇ ವಾರದಲ್ಲಿ ಪೇಟೆ ತುಂಬ ಹರಡುತ್ತದೆ.

ಮೊದಲ ಗಿರಾಕಿ ನೆಂಟರಾಗದಿರಲಿ. "ಬಾಳ ಛಲೋ ಐತಿ" ಅನ್ನುತ್ತಾರೆ, ಒಂದು ದಿನವೂ ತೆರೆಯುವುದಿಲ್ಲ, ಆ ಹೊಗಳಿಕೆ ನಂಬಿ ನೀವು ಆರು ತಿಂಗಳು ಕಳೆಯುತ್ತೀರಿ. ಹೊಗಳಿಕೆಯ ಬದಲು ಒಂದು ಅಂಕಿ ನೋಡಿ: ಈ ವಾರ ಎಷ್ಟು ಗೋಡೌನ್‌ಗಳು ದಿನವೂ ಸ್ಕ್ಯಾನ್ ಮಾಡಿದವು? ಎರಡು ದಿನ ಸ್ಕ್ಯಾನ್ ನಿಂತರೆ ಫೋನ್ ಮಾಡಬೇಡಿ, ಹೋಗಿ. ಬಹಳ ಸಲ ಕಾರಣ ಸಣ್ಣದು, ಪ್ಯಾಕಿಂಗ್ ಹುಡುಗ ಬದಲಾಗಿರುತ್ತಾನೆ. ನೂರು ಗಿರಾಕಿಗಳಲ್ಲಿ ತಿಂಗಳಿಗೆ ಶೇ 5 ಬಿಟ್ಟು ಹೋದರೆ ವರ್ಷದ ಕೊನೆಗೆ ಉಳಿಯುವುದು 54. ಶೇ 2ಕ್ಕೆ ತಂದರೆ 78. ಹೊಸಬರನ್ನು ಹುಡುಕುವುದಕ್ಕಿಂತ ಇದು ಅಗ್ಗ.

"ನಮಗೊಂದು ಹಿಂಗ್ ಮಾಡಿಕೊಡ್ರಿ" ಅಂತ ಪ್ರತಿಯೊಬ್ಬರೂ ಕೇಳುತ್ತಾರೆ. ಬರೆದಿಟ್ಟುಕೊಳ್ಳಿ, ಮೂರು ಬೇರೆ ಗಿರಾಕಿಗಳು ಕೇಳುವವರೆಗೆ ಮಾಡಬೇಡಿ. ಇಲ್ಲವೆಂದರೆ 40 ಗಿರಾಕಿಗಳಿಗೆ 40 ಸಾಫ್ಟ್‌ವೇರ್ ಸಾಕುವ ಪಾಡು ನಿಮ್ಮದು. ಇಲ್ಲ ಅನ್ನಲು ಬಾಯಿ ಬರದವರು ಈ ವ್ಯಾಪಾರಕ್ಕೆ ಇಳಿಯುವ ಮೊದಲು ಅದನ್ನು ಕಲಿಯಬೇಕು, ಕೋಡಿಂಗ್ ಆಮೇಲೆ ಕಲಿತರೂ ನಡೆದೀತು. ಹಾಗೇ ದೀಪಾವಳಿ, ರಂಜಾನ್, ಯುಗಾದಿಯ ಹಿಂದಿನ ಮೂರು ವಾರ ಹೊಸದೇನನ್ನೂ ಬಿಡುಗಡೆ ಮಾಡಬೇಡಿ.

ವಾರಕ್ಕೊಮ್ಮೆ ಬ್ಯಾಕಪ್ಪನ್ನು ಬೇರೆ ಸರ್ವರಿನಲ್ಲಿ ತೆರೆದು ಒಬ್ಬ ಗಿರಾಕಿಯ ಸ್ಟಾಕ್ ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದ್ದೇ. ಗಿರಾಕಿ ಬಿಟ್ಟು ಹೋಗುವಾಗ ಅವರ ಬಿಲ್ಲು, ಕ್ರೆಡಿಟ್ ನೋಟು, ಸ್ಟಾಕ್ ಸಾಲುಗಳನ್ನೆಲ್ಲ ಎಕ್ಸೆಲ್‌ನಲ್ಲಿ ಅವತ್ತೇ ಕೊಟ್ಟುಬಿಡಿ. ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಅವರು ಆ ಲೆಕ್ಕ ಇಟ್ಟುಕೊಂಡಿರಬೇಕು. ಐದನೇ ವರ್ಷ ನೋಟಿಸ್ ಬಂದಾಗ ಅವರು ಹುಡುಕಿಕೊಂಡು ಬರುವುದು ನಿಮ್ಮ ಬಾಗಿಲಿಗೇ.