ಎಡಪುಟದಲ್ಲಿ ಊಹೆ, ಬಲಪುಟದಲ್ಲಿ ಕಂಡದ್ದು

ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ. ಒಂದು ವಾರ ಏನೇನು ಕಲಿತೆವೆಂದು ದಿನವೂ ಬರೆದಿಡಬೇಕೆಂದು ನಮ್ಮ ತರಗತಿಯ ಟೀಚರ್ ಹೇಳಿದ್ದರು. ಹಿಂದೆ ಇಂಥ ಕೆಲಸ ಬಂದಾಗಲೆಲ್ಲ ನಾನು ಪಾಠದ ಹೆಸರು, ಪುಟದ ಸಂಖ್ಯೆ ಬರೆದು ಮುಗಿಸುತ್ತಿದ್ದೆ. ಆಮೇಲೆ ತೆಗೆದು ನೋಡಿದರೆ ಅದು ವೇಳಾಪಟ್ಟಿಯಂತೆ ಕಾಣುತ್ತಿತ್ತು, ನಾನು ಅದರಲ್ಲಿ ಎಲ್ಲೂ ಇರುತ್ತಿರಲಿಲ್ಲ. ಈ ಸಲ ಅಕ್ಕ ಒಂದು ಉಪಾಯ ಹೇಳಿಕೊಟ್ಟಳು. ನೋಟ್‌ಬುಕ್ಕನ್ನು ತೆರೆದಾಗ ಎಡಕ್ಕೆ ಬರುವ ಪುಟದಲ್ಲಿ ಪಾಠಕ್ಕೆ ಮೊದಲೇ ನನ್ನ ಊಹೆ ಬರೆಯಬೇಕು; ಬಲಕ್ಕೆ ಬರುವ ಪುಟದಲ್ಲಿ ನಿಜವಾಗಿ ಏನಾಯಿತೆಂದು ಬರೆಯಬೇಕು. "ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆ. ಅಳಿಸಲು ಬರಬಾರದು" ಎಂದಳು. ಅಳಿಸಲು ಬಾರದಂತೆ ಬರೆಯುವುದು ಯಾಕೆ ಅಷ್ಟು ಮುಖ್ಯವೆಂದು ನನಗೆ ಸೋಮವಾರ ಮಧ್ಯಾಹ್ನವೇ ತಿಳಿಯಿತು.

ಸೋಮವಾರ ವಿಜ್ಞಾನದಲ್ಲಿ ಲೋಲಕದ ಪ್ರಯೋಗವಿತ್ತು. ಒಂದು ನೂಲು, ತುದಿಯಲ್ಲಿ ಒಂದು ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. ಕಬ್ಬಿಣದ ಗುಂಡು ಚಿಕ್ಕದು, ಮರದ ಗುಂಡು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. "ಭಾರವಾದ ಗುಂಡು ಬೇಗ ತೂಗುತ್ತದೆ" ಎಂದು ಎಡಪುಟದಲ್ಲಿ ಬರೆದೆ. ಭಾರವಿದ್ದದ್ದು ಜೋರಾಗಿ ಕೆಳಕ್ಕೆ ಎಳೆಯುತ್ತದೆ, ಹಾಗಾಗಿ ಬೇಗ ಬರಬೇಕು ಎಂಬುದು ನನ್ನ ತರ್ಕ.

ಒಂದೇ ತೂಗಾಟವನ್ನು ಅಳೆಯಬೇಡಿ, ಇಪ್ಪತ್ತು ಎಣಿಸಿ ಅಳೆಯಿರಿ ಎಂದು ಟೀಚರ್ ಮೊದಲೇ ಹೇಳಿದ್ದರು. ಗುಂಡಿ ಒತ್ತುವಾಗ ನಮ್ಮ ಬೆರಳು ತಡಮಾಡುತ್ತದೆ. ಆ ತಪ್ಪು ಒಂದು ತೂಗಾಟದ ಮೇಲೆ ಬಿದ್ದರೆ ಬಹಳ ದೊಡ್ಡದು, ಇಪ್ಪತ್ತಕ್ಕೆ ಹಂಚಿಹೋದರೆ ಬಹಳ ಸಣ್ಣದು. ನೂಲನ್ನು 1 ಮೀಟರ್ ಅಳೆದು ಕಟ್ಟಿದೆವು. ಇಪ್ಪತ್ತು ತೂಗಾಟಕ್ಕೆ ಕಬ್ಬಿಣದ ಗುಂಡು 40.3 ಸೆಕೆಂಡ್ ತೆಗೆದುಕೊಂಡಿತು, ಮರದ ಗುಂಡು 40.7 ಸೆಕೆಂಡ್. ಮತ್ತೆ ಅಳೆದೆವು, ಹೆಚ್ಚುಕಡಿಮೆ ಅಷ್ಟೇ. ನನ್ನ ಊಹೆ ಸರಿಯಾಯಿತೆಂದು ಸಂತೋಷದಿಂದ ಬಲಪುಟದಲ್ಲಿ ಬರೆಯಲು ಹೊರಟೆ. ಟೀಚರ್ ಪಕ್ಕದಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಉದ್ದವನ್ನು ಎಲ್ಲಿಯವರೆಗೆ ಅಳೆದೆ?"

ಗಂಟಿನವರೆಗೆ ಅಳೆದಿದ್ದೆ. ಅಳೆಯಬೇಕಾದದ್ದು ಗುಂಡಿನ ನಡುವಿನವರೆಗೆ. ಮರದ ಗುಂಡು ದೊಡ್ಡದಾದ್ದರಿಂದ ಅದರ ನಡು ಇನ್ನೂ ಕೆಳಗಿತ್ತು. ಎಂದರೆ ನಾನು ಹೋಲಿಸುತ್ತಿದ್ದದ್ದು ಎರಡು ಬೇರೆ ಬೇರೆ ಉದ್ದದ ಲೋಲಕಗಳನ್ನು. ನೂಲನ್ನು ಸರಿಮಾಡಿ ಕಟ್ಟಿ ಮತ್ತೆ ಅಳೆದಾಗ ಒಂದು 40.1, ಇನ್ನೊಂದು 40.2. ತೂಕದಿಂದ ಏನೂ ಬದಲಾಗಲಿಲ್ಲ. ತಪ್ಪು ಅಳತೆಯೊಂದು ನನ್ನ ತಪ್ಪು ಊಹೆಗೆ ಸಾಕ್ಷಿ ಹೇಳಿತ್ತು. ಬೇರೆ ಉತ್ತರ ಬಂದಿದ್ದರೆ ನಾನು ತಕ್ಷಣ ಅಳತೆಯನ್ನು ಅನುಮಾನಿಸುತ್ತಿದ್ದೆ. ನಾನು ಬಯಸಿದ ಉತ್ತರವೇ ಬಂದದ್ದರಿಂದ ಅನುಮಾನವೇ ಹುಟ್ಟಲಿಲ್ಲ. ಇಡೀ ವಾರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು.

ಅದೇ ತರಗತಿಯಲ್ಲಿ ಇನ್ನೊಂದು ಊಹೆಯೂ ಬಿದ್ದುಹೋಯಿತು. ತೂಗಾಟದ ಕಾಲ ಅರ್ಧವಾಗಬೇಕಾದರೆ ಉದ್ದವನ್ನು ಎಷ್ಟು ಮಾಡಬೇಕು? ಅರ್ಧ ಎಂದು ಬರೆದಿದ್ದೆ. 50 ಸೆಂಟಿಮೀಟರಿಗೆ ಇಳಿಸಿದಾಗ ಇಪ್ಪತ್ತು ತೂಗಾಟಕ್ಕೆ 28.4 ಸೆಕೆಂಡ್ ಬಂತು. 20ರ ಹತ್ತಿರ ಬಂದದ್ದು 25 ಸೆಂಟಿಮೀಟರಿಗೆ ಇಳಿಸಿದ ಮೇಲೆಯೇ. ಯಾಕೆಂದು ಆ ದಿನ ಪೂರ್ತಿ ಅರ್ಥವಾಗಲಿಲ್ಲ. "ಕಾಲು ಭಾಗದ ಉದ್ದ, ಅರ್ಧದಷ್ಟು ಕಾಲ, ಯಾಕೆ?" ಎಂದು ಬಲಪುಟದ ಕೆಳಗೆ ಬರೆದು ಬಿಟ್ಟೆ.

ಮಂಗಳವಾರ ಕನ್ನಡದಲ್ಲಿ ಸಂಧಿ. ಇದು ನನಗೆ ಗೊತ್ತಿರುವ ವಿಷಯ ಎಂಬ ಧೈರ್ಯವಿತ್ತು. ಮೇಷ್ಟ್ರು ಬೋರ್ಡಿನ ಮೇಲೆ 'ಬೆಟ್ಟದಾವರೆ' ಎಂದು ಬರೆದು ಬಿಡಿಸಲು ಹೇಳಿದರು. ನಾನು 'ಬೆಟ್ಟದ + ಅವರೆ, ಲೋಪಸಂಧಿ' ಎಂದು ಎಡಪುಟದಲ್ಲಿ ಬರೆದೆ. ಅವರು ಅದನ್ನು ತಪ್ಪೆನ್ನಲಿಲ್ಲ. "ಹಾಗಾದರೆ ಕೂಡಿಸಿ ಓದು ನೋಡೋಣ" ಎಂದರು. ಕೂಡಿಸಿದರೆ 'ಬೆಟ್ಟದವರೆ' ಆಗುತ್ತದೆ. ದೀರ್ಘ ಎಲ್ಲಿಂದ ಬರಬೇಕು? ಅಲ್ಲಿಗೆ ನನ್ನ ಉತ್ತರ ತಾನಾಗಿಯೇ ಕಳಚಿಬಿತ್ತು. ಅದು ಬೆಟ್ಟ + ತಾವರೆ. ಎರಡನೆಯ ಪದದ ಮೊದಲಿನ 'ತ' ಹೋಗಿ 'ದ' ಬಂದಿದೆ, ಆದೇಶಸಂಧಿ. ಮಳೆ + ಕಾಲ ಸೇರಿ ಮಳೆಗಾಲ ಆದಾಗ 'ಕ' ಹೋಗಿ 'ಗ' ಬರುತ್ತದೆ, ಕಣ್ + ಪನಿ ಸೇರಿ ಕಂಬನಿ ಆದಾಗ 'ಪ' ಹೋಗಿ 'ಬ' ಬರುತ್ತದೆ.

ಈ ನಿಯಮ ನನಗೆ ಬಾಯಿಪಾಠವಿತ್ತು. ಕ, ತ, ಪಗಳಿಗೆ ಗ, ದ, ಬಗಳೇ ಯಾಕೆ ಬರಬೇಕು ಎಂದು ಎಂದೂ ಕೇಳಿಕೊಂಡಿರಲಿಲ್ಲ. ಮೇಷ್ಟ್ರು ಎರಡನ್ನೂ ನಿಧಾನವಾಗಿ ಉಚ್ಚರಿಸಿ ನೋಡಲು ಹೇಳಿದರು. 'ತ'ಕ್ಕೂ 'ದ'ಕ್ಕೂ ನಾಲಿಗೆ ತಾಗುವುದು ಒಂದೇ ಜಾಗಕ್ಕೆ. 'ದ' ಹೇಳುವಾಗ ಗಂಟಲಿನಲ್ಲಿ ನಾದವಿರುತ್ತದೆ, 'ತ' ಹೇಳುವಾಗ ಆ ನಾದ ಒಂದು ಕ್ಷಣ ನಿಲ್ಲುತ್ತದೆ. ಪದದ ನಡುವೆ, ಹಿಂದೆಯೂ ಸ್ವರ ಮುಂದೆಯೂ ಸ್ವರ ಇರುವಾಗ, ಗಂಟಲು ನಾದವನ್ನು ನಿಲ್ಲಿಸದೆ ಹಾಗೇ ಮುಂದುವರಿಯುತ್ತದೆ. ಬಾಯಿಗೆ ಸುಲಭವಾದ ದಾರಿಯೇ ವ್ಯಾಕರಣದ ನಿಯಮವಾಗಿ ಪುಸ್ತಕದಲ್ಲಿ ಕುಳಿತಿದೆ ಎಂದು ತಿಳಿದಾಗ ನಿಜಕ್ಕೂ ಖುಷಿಯಾಯಿತು. ಆ ಸಂಜೆ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಪದಗಳನ್ನು ಹೇಳಿ ನೋಡಿದೆ.

ಬುಧವಾರದ ಇತಿಹಾಸದ ತರಗತಿಗೆ ನಾನು ಊಹೆ ಬರೆಯುವಂಥದ್ದೇನೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಟೀಚರ್ ಬಂದವರೇ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಎರಡು ವಾರಗಳ ಹಿಂದೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಠಾತ್ತನೆ ಮಳೆ ಸುರಿದು ಎಲ್ಲರೂ ಒಳಗೆ ಓಡಿದ್ದೆವು. ಅಂದು ಏನಾಯಿತೆಂದು, ಯಾರನ್ನೂ ಕೇಳದೆ, ಹತ್ತು ನಿಮಿಷದಲ್ಲಿ ಬರೆಯಬೇಕು. "ಎಲ್ಲರೂ ಒಂದೇ ರೀತಿ ಬರೆಯುತ್ತಾರೆ" ಎಂದು ಎಡಪುಟದಲ್ಲಿ ಗೀಚಿ ಹಾಳೆ ತುಂಬಿಸಿದೆ. ಎಲ್ಲರೂ ಅಲ್ಲೇ ಇದ್ದವರು, ಎಲ್ಲರೂ ಕಣ್ಣಾರೆ ಕಂಡವರು.

ಹಾಳೆಗಳನ್ನು ಓದಿದಾಗ ಒಂದಕ್ಕೊಂದು ತಾಳೆಯಾಗಲೇ ಇಲ್ಲ. ಮಳೆ ಪ್ರಾರ್ಥನೆಯ ನಡುವೆ ಬಂತೆಂದು ಕೆಲವರು, ಮುಗಿದ ಮೇಲೆ ಬಂತೆಂದು ಕೆಲವರು. ಮುಖ್ಯ ಶಿಕ್ಷಕಿ ಒಳಗೆ ಹೋಗಿರೆಂದು ಹೇಳಿದ ಮೇಲೆಯೇ ನಾವು ಓಡಿದೆವೆಂದು ನಾನು ಬರೆದಿದ್ದೆ, ಅವರ ದನಿ ಈಗಲೂ ನನ್ನ ಕಿವಿಯಲ್ಲಿದೆ. ಆದರೆ ಅಂದು ಅವರು ಶಾಲೆಗೆ ಬಂದಿರಲೇ ಇಲ್ಲ. ನಮ್ಮ ತರಗತಿಯ ಹುಡುಗಿಯೊಬ್ಬಳು ಅಂದೇ ಸಂಜೆ ತನ್ನ ದಿನಚರಿಯಲ್ಲಿ ಅದನ್ನು ಬರೆದಿಟ್ಟಿದ್ದಳು. ಬೇರೆ ಯಾವುದೋ ದಿನದ ದನಿಯನ್ನು ನನ್ನ ನೆನಪು ಆ ದಿನಕ್ಕೆ ತಂದು ಅಂಟಿಸಿತ್ತು.

ಆಮೇಲೆ ನಡೆದ ಮಾತು ಇನ್ನೂ ಚೆನ್ನಾಗಿತ್ತು. ಇಬ್ಬರು ಹುಡುಗರ ಬರಹಗಳು ಚಾಚೂ ತಪ್ಪದೆ ಹೊಂದುತ್ತಿದ್ದವು. ಇಬ್ಬರು ಹೇಳಿದ್ದರಿಂದ ಅದೇ ನಿಜವಿರಬೇಕು ಎಂದು ನಾವೆಲ್ಲ ಅಂದೆವು. ಅವರಿಬ್ಬರೂ ಒಂದೇ ಬೆಂಚಿನವರು, ಆ ಮಳೆಯ ವಿಷಯ ಹಿಂದೆ ಹಲವು ಸಲ ಮಾತಾಡಿಕೊಂಡವರು ಎಂದು ಟೀಚರ್ ಕೇಳಿ ತಿಳಿದುಕೊಂಡರು. ಹಾಗಾದರೆ ಅವು ಎರಡು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯದ ಎರಡು ಪ್ರತಿಗಳು. ಯಾರು ಬರೆದರು, ಯಾವಾಗ ಬರೆದರು, ಕಂಡು ಬರೆದರೋ ಕೇಳಿ ಬರೆದರೋ, ಯಾರು ಓದಲೆಂದು ಬರೆದರು, ಈ ನಾಲ್ಕು ಪ್ರಶ್ನೆಗಳನ್ನು ಬಲಪುಟದಲ್ಲಿ ಬರೆದುಕೊಂಡೆ. ಅಂದೇ ಬರೆದ ದಿನಚರಿಗೂ ಅದೇ ಪ್ರಶ್ನೆಗಳನ್ನು ಕೇಳಬೇಕು ಎಂದು ಟೀಚರ್ ಸೇರಿಸಿದರು. ಹತ್ತಿರದ ಕಾಲದಲ್ಲಿ ಬರೆದದ್ದಕ್ಕೆ ತೂಕ ಹೆಚ್ಚು, ಆದರೆ ಅದೊಂದರಿಂದಲೇ ಅದು ನಿಜವಾಗಿಬಿಡುವುದಿಲ್ಲ. ಇತಿಹಾಸದ ಪುಸ್ತಕದಲ್ಲಿ 'ಪ್ರಾಥಮಿಕ ಆಕರಗಳು' ಎಂಬ ಶೀರ್ಷಿಕೆಯನ್ನು ಎರಡು ವರ್ಷಗಳಿಂದ ನೋಡುತ್ತಿದ್ದೇನೆ. ಆ ಪದಕ್ಕೆ ಅರ್ಥ ಬಂದದ್ದು ಆ ಬುಧವಾರ.

ಅಕ್ಕ ಪೆನ್ನಿನಲ್ಲೇ ಬರೆ ಎಂದದ್ದು ಆಗ ಇನ್ನಷ್ಟು ಸ್ಪಷ್ಟವಾಯಿತು. ಸೋಮವಾರದ ಊಹೆಯನ್ನು ಬರೆದಿಡದೇ ಹೋಗಿದ್ದರೆ, ತೂಕದಿಂದ ಏನೂ ಬದಲಾಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಬುಧವಾರದ ಹೊತ್ತಿಗೆ ನಾನು ನಂಬಿಬಿಡುತ್ತಿದ್ದೆ. ಸುಳ್ಳು ಹೇಳುವ ಉದ್ದೇಶ ಇರುತ್ತಿರಲಿಲ್ಲ. ಮುಖ್ಯ ಶಿಕ್ಷಕಿಯ ದನಿ ಕೇಳಿಸಿದಂತೆಯೇ ಅದೂ ಕೇಳಿಸುತ್ತಿತ್ತು.

ಗುರುವಾರ ಮೊದಲ ಅವಧಿ ಆಟ, ರಿಲೇ ಅಭ್ಯಾಸ. ಬ್ಯಾಟನ್ ತೆಗೆದುಕೊಳ್ಳುವವರು ಹಿಂದೆ ತಿರುಗಿ ನೋಡದೆ ಓಡಲು ಶುರುಮಾಡಿದರೆ ಮೇಲು ಎಂಬುದನ್ನು ಕಾಲುಗಳೇ ಕಲಿತವು, ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಆಮೇಲೆ ಜೀವಶಾಸ್ತ್ರ. ಈರುಳ್ಳಿಯ ಎಸಳಿನ ಒಳಮೈಯಿಂದ ತೆಳ್ಳನೆಯ ಪೊರೆ ಬಿಡಿಸಿ, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಅಯೋಡಿನ್ ಹಾಕಿ, ಕವರ್‌ಸ್ಲಿಪ್ ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಜೀವಕೋಶ ಗುಂಡಗಿರುತ್ತದೆ ಎಂದು ಎಡಪುಟದಲ್ಲಿ ಚಿತ್ರ ಬರೆದಿದ್ದೆ. ಕಣ್ಣಿಟ್ಟ ಕೂಡಲೇ ಕಪ್ಪು ಅಂಚಿನ ಅಚ್ಚುಕಟ್ಟಾದ ದುಂಡು ಆಕಾರವೊಂದು ಕಂಡಿತು. ಅದನ್ನೇ ಬಿಡಿಸತೊಡಗಿದೆ. ಅದು ಗಾಳಿಗುಳ್ಳೆ. ಕವರ್‌ಸ್ಲಿಪ್ಪನ್ನು ಓರೆಯಾಗಿ ನಿಧಾನವಾಗಿ ಇಳಿಸದೆ ಒಮ್ಮೆಗೇ ಬಿಟ್ಟಿದ್ದರಿಂದ ಗಾಳಿ ಒಳಗೆ ಸಿಕ್ಕಿಕೊಂಡಿತ್ತು. ಸೋಮವಾರದಂತೆಯೇ ಇಲ್ಲೂ, ನಾನು ಹುಡುಕುತ್ತಿದ್ದದ್ದು ಸಿಕ್ಕಿದ ಕೂಡಲೇ ನೋಡುವುದನ್ನು ನಿಲ್ಲಿಸಿದ್ದೆ.

ಹೊಸ ಸ್ಲೈಡ್ ಮಾಡಿದೆ. ಆಗ ಕಂಡದ್ದು ಇಟ್ಟಿಗೆ ಗೋಡೆಯಂತೆ ಒತ್ತೊತ್ತಾಗಿ ಜೋಡಿಸಿದ ಉದ್ದುದ್ದನೆಯ ಕೋಶಗಳು, ಪ್ರತಿಯೊಂದರಲ್ಲೂ ಅಯೋಡಿನ್ನಿನಿಂದ ಬಣ್ಣವೇರಿದ ಒಂದು ಪುಟ್ಟ ಚುಕ್ಕೆ. ಅದೇ ಕೋಶಕೇಂದ್ರ. ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ. ಅದಕ್ಕೆ ಕೈ ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ರಾಬರ್ಟ್ ಹುಕ್ ಬಿರಡೆಯ ತೆಳು ಚೂರಿನಲ್ಲಿ ಕಂಡ ಖಾನೆಗಳಿಗೆ ಚಿಕ್ಕ ಕೋಣೆ ಎಂಬರ್ಥದ ಹೆಸರಿಟ್ಟದ್ದು 1665ರಲ್ಲಿ. ಅವನು ನೋಡಿದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ನನ್ನ ಮುಂದಿನ ಕೋಣೆಗಳು ಖಾಲಿ ಇರಲಿಲ್ಲ.

ಶುಕ್ರವಾರ ಗಣಿತ. ಕ್ಷಣದಲ್ಲಿ ಉತ್ತರ ಬರೆಯಿರಿ ಎಂದು ಮೇಷ್ಟ್ರು 23ರ ವರ್ಗ ಕೇಳಿದರು. 20ರ ವರ್ಗ 400, 3ರ ವರ್ಗ 9, ಹಾಗಾಗಿ 409 ಎಂದು ಬರೆದೆ. ಸರಿಯಾದ ಉತ್ತರ 529. ಸೂತ್ರ ನನಗೆ ಬರುತ್ತದೆ, ಕೇಳಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವಸರದಲ್ಲಿ ಕೈ ಬರೆದದ್ದು ಬೇರೆ. ಮೇಷ್ಟ್ರು ಚೌಕುಳಿ ಹಾಳೆಯಲ್ಲಿ ಬಾಹು 7 ಮನೆ ಇರುವ ಚೌಕ ಕತ್ತರಿಸಲು ಹೇಳಿ, ಎರಡೂ ಕಡೆ 3 ಮತ್ತು 4 ಆಗುವಂತೆ ಗೆರೆ ಎಳೆಸಿದರು. 9ರ ಒಂದು ಚೌಕ, 16ರ ಒಂದು ಚೌಕ, ಜೊತೆಗೆ 12ರ ಎರಡು ಆಯತಗಳು. ನಾನು ಕಳೆದುಕೊಂಡಿದ್ದ 120 ಎಲ್ಲಿದೆಯೆಂದು ಆಗ ಕಣ್ಣಿಗೆ ಕಂಡಿತು: 20ಕ್ಕೆ 3ರ ಆಯತಗಳು, ಎರಡು.

ಆ ಕಾಗದದ ಚೌಕವನ್ನು ಕೈಯಲ್ಲಿ ಹಿಡಿದು ಮಡಚುತ್ತಿದ್ದಾಗ ಸೋಮವಾರದ ಪ್ರಶ್ನೆಗೆ ಉತ್ತರ ಹೊಳೆಯಿತು. ಬಾಹುವನ್ನು ಅರ್ಧ ಮಾಡಿದರೆ ಚೌಕದ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಲೋಲಕದ ಕಾಲವನ್ನು ಬಾಹುವೆಂದುಕೊಂಡರೆ ಅದರ ಉದ್ದ ವಿಸ್ತೀರ್ಣದಂತೆ ನಡೆದುಕೊಳ್ಳುತ್ತದೆ: ಕಾಲ ಅರ್ಧವಾಗಬೇಕೆಂದರೆ ಉದ್ದ ಕಾಲು ಭಾಗಕ್ಕೆ ಇಳಿಯಬೇಕು. ಎರಡು ಬೇರೆ ತರಗತಿಗಳಲ್ಲಿ, ಬೇರೆ ಶಿಕ್ಷಕರಿಂದ ಕಲಿತದ್ದು ನನ್ನ ನೋಟ್‌ಬುಕ್ಕಿನಲ್ಲಿ ಒಂದನ್ನೊಂದು ಭೇಟಿಯಾಗಿತ್ತು. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಣಿತದ ಅವಧಿಯಲ್ಲೇ ಹಿಂದಿನ ಪುಟ ತಿರುಗಿಸಿ ಬರೆದೆ.

ಶನಿವಾರ ಸಂಗೀತವಿತ್ತು. ಎಡಪುಟವನ್ನು ಖಾಲಿ ಬಿಟ್ಟೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ಹಾಡುವ ಮೊದಲು ಊಹಿಸಲು ಹೊರಟರೆ ಕೇಳುವ ಕಿವಿ ಮುಚ್ಚಿಕೊಳ್ಳುತ್ತದೆ.

ಶನಿವಾರ ಸಂಜೆ ಎಣಿಸಿ ನೋಡಿದೆ. ಒಟ್ಟು 21 ಊಹೆಗಳು, ಅವುಗಳಲ್ಲಿ 8 ಸರಿ. ಆ ಎಂಟರಲ್ಲಿ ಎರಡಕ್ಕೆ ಉತ್ತರ ಸರಿಯಿದ್ದರೂ ಕಾರಣ ತಪ್ಪಿತ್ತು. ಅವನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ತಪ್ಪಿನ ಕಡೆಗೇ ಸೇರಿಸಿದೆ.

ಲೋಲಕದ ಪಾಠದಲ್ಲಿ ಇನ್ನೊಂದು ವಾಕ್ಯವಿತ್ತು: ತೂಗಾಟದ ಅಗಲ ಹೆಚ್ಚಾದರೂ ಕಡಿಮೆಯಾದರೂ ಕಾಲ ಬದಲಾಗುವುದಿಲ್ಲ. ಅದನ್ನು ತರಗತಿಯಲ್ಲಿ ನಾವು ಪರೀಕ್ಷಿಸಿರಲಿಲ್ಲ. ಭಾನುವಾರ ಮನೆಯಲ್ಲಿ ಬಾಗಿಲಿನ ಚೌಕಟ್ಟಿಗೆ ನೂಲು ಕಟ್ಟಿ, ತುದಿಗೆ ಕಬ್ಬಿಣದ ಬೀಗ ತೂಗುಹಾಕಿ, ಬೀಗದ ನಡುವಿನವರೆಗೆ 1 ಮೀಟರ್ ಸರಿಯಾಗಿ ಅಳೆದೆ. ಮೇಲ್ತುದಿಯಲ್ಲಿ ಕೋನಮಾಪಕ ಅಂಟಿಸಿದೆ. "ವ್ಯತ್ಯಾಸ ಬರುವುದಿಲ್ಲ, ಪುಸ್ತಕದಲ್ಲಿದೆ" ಎಂದು ಎಡಪುಟದಲ್ಲಿ ಬರೆದೆ. 10 ಡಿಗ್ರಿಯಿಂದ ಬಿಟ್ಟಾಗ ಹತ್ತು ತೂಗಾಟಕ್ಕೆ 20.1 ಸೆಕೆಂಡ್. 60 ಡಿಗ್ರಿಯಿಂದ ಬಿಟ್ಟಾಗ 21.2. ಅಳತೆಯಲ್ಲಿ ತಪ್ಪಾಯಿತೆಂದು ಮತ್ತೆ ಅಳೆದೆ: 21.1. ಅಕ್ಕನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ನನ್ನ ಅಂಕಿಗಳನ್ನು ಅವಳಿಗೆ ತೋರಿಸದೆ ಅಳೆಯಲು ಹೇಳಿದೆ. 21.3 ಬಂತು. ನೋಟ್‌ಬುಕ್ಕನ್ನು ಬದಿಗಿಟ್ಟು ಪಠ್ಯಪುಸ್ತಕ ತೆರೆದು ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. 'ಸಣ್ಣ ಕೋನಗಳಿಗೆ' ಎಂಬ ಎರಡು ಪದಗಳು ಅದರ ಮೊದಲಲ್ಲೇ ಇದ್ದವು. ನಾನು ಅವನ್ನು ಓದಿಯೂ ಓದಿರಲಿಲ್ಲ.

ಸೋಮವಾರ ಬೆಳಿಗ್ಗೆ ವಿಜ್ಞಾನದ ಟೀಚರಿಗೆ ಎರಡೂ ಪುಟ ತೋರಿಸಿದೆ. ಅವರು ಅಂಕಿಗಳನ್ನು ನಿಧಾನವಾಗಿ ನೋಡಿದರು. ತೂಗಾಟ ಎಷ್ಟೇ ಅಗಲವಿದ್ದರೂ ಕಾಲ ಒಂದೇ ಎಂದು ಗೆಲಿಲಿಯೋ ಕೂಡ ನಂಬಿದ್ದರು, 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಹೈಗನ್ಸ್‌ಗೆ ಅದು ಹಾಗಲ್ಲವೆಂದು ತಿಳಿದಿತ್ತು ಎಂದು ಹೇಳಿದರು. ಆಮೇಲೆ ನನ್ನ ಪೆನ್ನನ್ನೇ ತೆಗೆದುಕೊಂಡು ಮುಂದಿನ ಖಾಲಿ ಎಡಪುಟದ ಮೇಲೆ ಒಂದು ಪ್ರಶ್ನೆ ಬರೆದರು: 30 ಡಿಗ್ರಿಯಿಂದ ಬಿಟ್ಟರೆ ಎಷ್ಟು ಬರಬಹುದು?

ಅದರ ಕೆಳಗೆ ನಾನು 20.6 ಎಂದು ಬರೆದಿದ್ದೇನೆ. ಇನ್ನೂ ಅಳೆದಿಲ್ಲ.