ಐಮರದ ಮೇಲೆ ಕೂರಿಸಿದ ದಿನದಿಂದ: ಐನ್‌ಮನೆ ತೋರಿಸಲು ಸಾಧನ ಆರಿಸಿಕೊಂಡ ನನ್ನ ಅನುಭವ

ಕಳೆದ ಪುತ್ತರಿಯ (ನಮ್ಮ ಸುಗ್ಗಿ ಹಬ್ಬದ) ನಂತರದ ಒಂದು ಶನಿವಾರ ಮೈಸೂರಿನಿಂದ ಬಂದಿದ್ದ 14 ಜನರ ಕುಟುಂಬವೊಂದು ಕೊಡಗಿನ ಕಕ್ಕಬ್ಬೆ ಸಮೀಪದ ನಮ್ಮ ಐನ್‌ಮನೆಯಲ್ಲಿ, ಅಂದರೆ ನಮ್ಮ ಒಕ್ಕದ (ಕುಲದ) ಮೂಲಮನೆಯಲ್ಲಿ, ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ನಾನು ಈ ಕೆಲಸಕ್ಕೆ ಕೈಹಾಕಿದ 2016ರ ಸುಮಾರಿಗೆ ಇದೇ ಮನೆಯನ್ನು ಪ್ರವಾಸಿಗರು ಹತ್ತು ಹನ್ನೆರಡು ನಿಮಿಷಗಳಲ್ಲಿ ನೋಡಿ ಮುಗಿಸಿ, ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಂಡು, ಚೇಲಾವರ ಜಲಪಾತಕ್ಕೆ ಎಷ್ಟು ದೂರ ಎಂದು ಕೇಳುತ್ತಿದ್ದರು. ಈ ನಡುವೆ ಎರಡು ತೊಲೆಗಳ ದುರಸ್ತಿ ಬಿಟ್ಟರೆ ಮನೆಯಲ್ಲಿ ಒಂದು ಹೆಂಚು ಸಹ ಬದಲಾಗಿಲ್ಲ. ಬದಲಾದದ್ದು ಅದನ್ನು ತೋರಿಸುವ ಸಾಧನಗಳು ಮಾತ್ರ. ಫೋನಿನಲ್ಲಿ ಏನನ್ನೂ ಕೊಡದೆ ಈ ಕಾಲದವರನ್ನು ನಿಲ್ಲಿಸಲಾಗದು ಎಂದು ಹೇಳುತ್ತಿದ್ದ ಗೈಡ್ ಮಿತ್ರರೂ, ಇದೆಲ್ಲ ಹಣ ಹಾಳುಮಾಡುವ ಹವ್ಯಾಸ ಎನ್ನುತ್ತಿದ್ದ ನಮ್ಮ ಒಕ್ಕದ ಕೆಲವರೂ ಈಗ ಬಂದು ಕೇಳುತ್ತಿರುವುದರಿಂದ, ಹೋಂಸ್ಟೇ ನಡೆಸುತ್ತ ತಮ್ಮ ಐನ್‌ಮನೆ ತೋರಿಸುವವರಿಗೂ ಅರಮನೆ, ಗದ್ದಿಗೆಗಳಿಗೆ ಜನರನ್ನು ಕರೆದೊಯ್ಯುವವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿಸಿದ್ದು ಫ್ಲೆಕ್ಸ್ ಫಲಕಗಳು. ಒಂಬತ್ತು ಫಲಕಗಳಿಗೆ ಸುಮಾರು 14,500 ರೂಪಾಯಿ ಖರ್ಚಾಯಿತು. ಒಂದೊಂದರಲ್ಲೂ ಇನ್ನೂರಕ್ಕೂ ಹೆಚ್ಚು ಪದಗಳಿದ್ದವು. ನಮ್ಮ ಮನೆಯ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಅಲ್ಲೇ ಹೇಳಿಬಿಡಬೇಕೆಂಬ ಆಸೆ ನನಗಿತ್ತು. ಜೂನ್ ಕಳೆಯುವಷ್ಟರಲ್ಲಿ ಹಿಂಬದಿ ಕಪ್ಪಾಯಿತು, ಜುಲೈಯಲ್ಲಿ ಅಂಚುಗಳಿಗೆ ಪಾಚಿ ಹಿಡಿಯಿತು, ಆಗಸ್ಟ್‌ನಲ್ಲಿ ಎರಡು ಫಲಕಗಳು ಗಾಳಿಗೆ ಹಾರಿ ಗದ್ದೆಗೆ ಬಿದ್ದವು. ಮರುವರ್ಷ ಅಕ್ರಿಲಿಕ್ ಹಾಕಿಸಿದೆ. ಆರಕ್ಕೆ ಸುಮಾರು 22,000 ರೂಪಾಯಿ. ಅವು ಮಳೆಯನ್ನು ತಡೆದುಕೊಂಡವು, ಆದರೆ ಮುಂಭಾಗದ ಜಗಲಿಯಾದ ಕೈಯಾಲೆಯ ಮಬ್ಬು ಬೆಳಕಿನಲ್ಲಿ ಅವುಗಳ ಹೊಳಪಿನ ಮೇಲೆ ಅಂಗಳದ ಬಿಳಿ ಆಕಾಶವೇ ಪ್ರತಿಫಲಿಸಿ ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ನಾಟಿದ್ದೆಂದರೆ, ಫಲಕ ಇರುವ ಗೋಡೆಯತ್ತ ಮುಖಮಾಡಿ ನಿಂತವರು ತಮ್ಮ ಬೆನ್ನಿನ ಹಿಂದಿದ್ದ ಕೆತ್ತನೆಯ ಕಂಬವನ್ನು ನೋಡುತ್ತಲೇ ಇರಲಿಲ್ಲ.

2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತದ ನಂತರ ಬಹುಕಾಲ ಪ್ರವಾಸಿಗರೇ ಬರಲಿಲ್ಲ. ಆ ಬಿಡುವಿನಲ್ಲಿ ಕ್ಯೂಆರ್ ಕೋಡ್ ಮತ್ತು ಧ್ವನಿಮುದ್ರಣಗಳಿಗೆ ಸುಮಾರು 35,000 ರೂಪಾಯಿ ಹಾಕಿದೆ. ನಮ್ಮ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ಹತ್ತು ಗುಂಪುಗಳಲ್ಲಿ ಎರಡು ಗುಂಪುಗಳು ಮಾತ್ರ ಕೋಡ್ ತೆರೆದವು, ತೆರೆದವರಲ್ಲಿ ಅರ್ಧದಷ್ಟು ಜನ ಅದೇ ಫೋನಿಗೆ ಬಂದಿದ್ದ ಸಂದೇಶಗಳನ್ನು ಓದತೊಡಗಿದರು. ಸಿಗ್ನಲ್ ಬೇಕಿಲ್ಲದ ಚಿಕ್ಕ ಆಡಿಯೋ ಪ್ಲೇಯರ್‌ಗಳನ್ನು ತರಿಸಿದ್ದು ಆ ಮೇಲೆ: ಹೆಡ್‌ಫೋನ್ ಸಹಿತ 12, ಬೆಲೆ ಸುಮಾರು 48,000 ರೂಪಾಯಿ. ನನ್ನ ತಾಯಿಯ ಧ್ವನಿಯಲ್ಲಿ ಮುದ್ರಿಸಿದ ಆ ವಿವರಣೆ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಹೆಡ್‌ಫೋನ್ ಹಾಕಿಕೊಂಡ ಗಂಡ ಹೆಂಡತಿ ಪರಸ್ಪರ ಮಾತನಾಡುವುದನ್ನೇ ನಿಲ್ಲಿಸುತ್ತಿದ್ದರು, ಮಕ್ಕಳು ಬೇಸರಗೊಂಡು ಅಂಗಳಕ್ಕೆ ಓಡುತ್ತಿದ್ದರು. 2020ರಲ್ಲಿ ಕೊರೊನಾ ಬಂದ ಮೇಲೆ ಇನ್ನೊಬ್ಬರ ಕಿವಿಯಲ್ಲಿದ್ದುದನ್ನು ಯಾರೂ ಮುಟ್ಟಲಿಲ್ಲ. ಒಟ್ಟು ಲೆಕ್ಕ ಹಾಕಿದರೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಹೋಯಿತು. ಟಚ್‌ಸ್ಕ್ರೀನ್ ಹಾಕಿಸಿ ಎಂದು 1.8 ಲಕ್ಷದ ಅಂದಾಜುಪಟ್ಟಿ ತಂದವರೊಬ್ಬರಿಗೆ ಇಲ್ಲ ಎಂದು ಹೇಳಿದ್ದು ನಾನು ಆ ವರ್ಷಗಳಲ್ಲಿ ಮಾಡಿದ ಒಳ್ಳೆಯ ತೀರ್ಮಾನ.

ಆ ನಂತರ ಒಂದು ವರ್ಷ ಏನನ್ನೂ ಕೊಳ್ಳಲಿಲ್ಲ. ಒಂದು ನೋಟ್‌ಪುಸ್ತಕ ಮತ್ತು ಗಡಿಯಾರ ಹಿಡಿದು, ಬಂದವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಏನನ್ನು ಮುಟ್ಟುತ್ತಾರೆ, ಯಾರಿಗೆ ಏನು ಕೇಳುತ್ತಾರೆ ಎಂಬುದನ್ನಷ್ಟೇ ಬರೆದುಕೊಂಡೆ. ಸುಮಾರು 60 ಗುಂಪುಗಳನ್ನು ಹೀಗೆ ನೋಡಿರಬೇಕು. ನಾನು ಹೆಚ್ಚು ಶ್ರಮಪಟ್ಟು ವಿವರಿಸುತ್ತಿದ್ದ ಜಾಗಗಳಲ್ಲಿ ಜನ ಕಡಿಮೆ ನಿಲ್ಲುತ್ತಿದ್ದರು. ಯಾರೂ ವಿವರಿಸದ ಐಮರದ ಬಳಿ, ಅಂದರೆ ಕೈಯಾಲೆಯ ಕಂಬಗಳ ನಡುವಿನ ಅಗಲವಾದ ಮರದ ಹಲಗೆಯ ಬಳಿ, ಎಲ್ಲರೂ ಕೈಯಾಡಿಸಿ, ಕುಳಿತುಕೊಳ್ಳಬಹುದೇ ಎಂದು ಕೇಳುತ್ತಿದ್ದರು. ಹಿರಿಯರು ಕೂರುವ ಜಾಗವಾದ್ದರಿಂದ ಬೇಡ ಎಂದು ನಾನು ಹೇಳುತ್ತಿದ್ದೆ. ಒಂದು ದಿನ ತುಮಕೂರಿನ ಕಡೆಯ ಒಂದು ಗುಂಪಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ನಿಲ್ಲಲಾರದೆ ದಣಿದಿದ್ದರು. ಅವರನ್ನು ಐಮರದ ಮೇಲೆ ಕೂರಿಸಿ, ಉಳಿದವರಿಗೆ ಕೆಳಗೆ ಚಾಪೆ ಹಾಸಿದೆ. ಯಾರೂ ಹೇಳದೆಯೇ ಮೊಮ್ಮಕ್ಕಳು ಅಜ್ಜಿಯ ಕಡೆ ಮುಖಮಾಡಿ ಕುಳಿತರು, ಅಜ್ಜಿ ತಮ್ಮ ಊರಿನ ತೊಟ್ಟಿಮನೆಯ ಮಾತು ತೆಗೆದರು. ಹಿರಿಯರ ಎದುರು ಕಿರಿಯರು ಸಮಕ್ಕೆ ಕೂರದಿದ್ದ ಮನೆಯ ಕ್ರಮವನ್ನು ನಾನು ಮೂರು ಫಲಕಗಳಲ್ಲಿ ಬರೆದು ಯಾರಿಗೂ ತಲುಪಿಸಲಾಗಿರಲಿಲ್ಲ. ಅದು ಆ ಐದು ನಿಮಿಷಗಳಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಅಲ್ಲಿಂದ ಮುಂದೆ ಪ್ರತಿ ಗುಂಪಿನಲ್ಲೂ ವಯಸ್ಸಿನಲ್ಲಿ ಹಿರಿಯರಾದ ಒಬ್ಬರನ್ನು ಐಮರದ ಮೇಲೆ ಕೂರಿಸುತ್ತೇನೆ. ಇದಕ್ಕೆ ಒಕ್ಕದ ಮುಖ್ಯಸ್ಥರಾದ ನಮ್ಮ ಪಟ್ಟೆದಾರರ ಒಪ್ಪಿಗೆ ಪಡೆಯಲು ಎರಡು ತಿಂಗಳು ಬೇಕಾಯಿತು. ಐನ್‌ಮನೆ ಒಕ್ಕದ ಎಲ್ಲರದ್ದು, ಒಬ್ಬನ ಇಷ್ಟದಂತೆ ನಡೆಯುವ ಜಾಗವಲ್ಲ. ಆದ್ದರಿಂದ ಸಾಧನ ಎಷ್ಟೇ ಒಳ್ಳೆಯದಿರಲಿ, ಈ ಒಪ್ಪಿಗೆಯನ್ನು ಮೊದಲು ಪಡೆಯಿರಿ. ಒಕ್ಕದ ಮೂಲಪುರುಷರಾದ ಕಾರೋಣರಿಗೆ ಸಂಬಂಧಿಸಿದ ಕನ್ನಿಕೋಂಬರೆ ಎಂಬ ಪವಿತ್ರ ಕೋಣೆಯೊಳಗೆ ಯಾರನ್ನೂ ಬಿಡುವುದಿಲ್ಲ, ಅದರ ಬಾಗಿಲಿನಿಂದಾಚೆಗೆ ಯಾವ ಸಾಧನವನ್ನೂ ಇಡುವುದಿಲ್ಲ.

ಎರಡನೆಯ ಸಾಧನ ಹಲಸಿನ ಮರದ ಚಿಕ್ಕ ಹಲಗೆಗಳು. ಅಂಗೈಗಿಂತ ಸ್ವಲ್ಪ ದೊಡ್ಡವು, ಒಟ್ಟು 11. ಮುಂದೆ ಒಂದು ಪ್ರಶ್ನೆ, ಹಿಂದೆ ನಲವತ್ತು ಪದಗಳೊಳಗಿನ ಉತ್ತರ. ಮೊದಲನೆಯದನ್ನು ಮನೆಗೆ ಬರುವ ಓಣಿಯ ಬಾಯಲ್ಲೇ ಕೈಗೆ ಕೊಡುತ್ತೇನೆ: ‘ಇಲ್ಲಿ ಎಷ್ಟು ಜನ ಅಕ್ಕಪಕ್ಕ ನಡೆಯಬಹುದು? ಮನೆ ಯಾವಾಗ ಕಾಣಿಸುತ್ತದೆ ಎಂದು ಎಣಿಸುತ್ತ ಬನ್ನಿ.’ ಎತ್ತರದ ದಿಬ್ಬಗಳ ನಡುವೆ ತಿರುಗಿ ತಿರುಗಿ ಬರುವ ಆ ಓಣಿ ಏಕೆ ಹಾಗಿದೆ ಎಂಬುದನ್ನು ಮನೆ ತಲುಪುವ ಮೊದಲೇ ಹತ್ತು ವರ್ಷದ ಮಗು ಹೇಳಿಬಿಡುತ್ತದೆ. ಮೊದಲು ಲ್ಯಾಮಿನೇಟ್ ಮಾಡಿದ ಕಾರ್ಡ್‌ಗಳನ್ನು ಮಾಡಿಸಿದ್ದೆ. ಮಳೆಗಾಲದ ತೇವಕ್ಕೆ ಅಂಚು ಬಿಟ್ಟು ಒಳಗೆ ನೀರು ಸೇರಿತು. ಮರದ ಹಲಗೆಯನ್ನಾದರೆ ಜೂನ್‌ನಲ್ಲಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಸಾಕು. ಅಟ್ಟದಲ್ಲಿ ಒಣಗಿಸಲಾಗದ ಯಾವ ಸಾಧನವನ್ನೂ ಈಗ ನಾನು ಕೊಳ್ಳುವುದಿಲ್ಲ. ಅಕ್ಷರಗಳನ್ನು ಕೊರೆಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತೇನೆ. ಆ ಎಣ್ಣೆಗೆ ನಾನು ಸೇರಿಸುವ ಒಂದು ವಸ್ತು ಇದೆ, ಅದರಿಂದಾಗಿ ಮೂರು ಮಳೆಗಾಲ ಕಳೆದರೂ ಅಕ್ಷರದ ಅಂಚು ಉಬ್ಬಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ದಿನ ಹಿಡಿದದ್ದರಿಂದ ಇಲ್ಲಿ ಬರೆಯುವುದಿಲ್ಲ. ಮರ ನಮ್ಮದೇ ಆದ್ದರಿಂದ ಬಡಗಿಯ ಕೂಲಿ 6,500 ರೂಪಾಯಿ ಮಾತ್ರ ಬಿತ್ತು.

ನಾನು ಗುಂಪುಗಳನ್ನು ಕರೆದೊಯ್ಯುವ ನಾಲ್ಕುನಾಡು ಅರಮನೆಯಲ್ಲಿ ಸಮಸ್ಯೆ ಬೇರೆಯದು. ಅದು ಸಂರಕ್ಷಿತ ಸ್ಮಾರಕ, ಅಲ್ಲಿ ನಾವು ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಹೊಡೆಯಲೂ ಬಾರದು. ಆದ್ದರಿಂದ ಎಲ್ಲವೂ ನಮ್ಮ ಚೀಲದಲ್ಲಿ ಹೋಗಿ ಚೀಲದಲ್ಲೇ ಮರಳಬೇಕು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಈ ಅರಮನೆಯಲ್ಲಿ ಚಾವಣಿಯ ಚಿತ್ರಗಳಿವೆ. ಕತ್ತೆತ್ತಿ ಅರ್ಧ ನಿಮಿಷ ನೋಡುವಷ್ಟರಲ್ಲಿ ಜನ ಸೋತು ಮುಂದೆ ನಡೆಯುತ್ತಾರೆ. ನಾನು 70 ರೂಪಾಯಿಯಂತೆ ಹತ್ತು ಕೈಗನ್ನಡಿಗಳನ್ನು ಕೊಂಡು, ಅಂಚಿಗೆ ಬಟ್ಟೆ ಹೊಲಿಸಿದೆ. ಕನ್ನಡಿಯನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ಕೆಳಗೆ ನೋಡಿದರೆ ಚಾವಣಿ ಅಂಗೈಯಲ್ಲಿರುತ್ತದೆ. ಚಿತ್ರಗಳಿಗೆ ಟಾರ್ಚ್ ಹಿಡಿಯುವ, ಫ್ಲ್ಯಾಶ್ ಹೊಡೆಯುವ ಕೆಟ್ಟ ಅಭ್ಯಾಸ ನನ್ನ ಗುಂಪುಗಳಲ್ಲಿ ಪೂರ್ತಿ ನಿಂತಿತು. ಒಬ್ಬೊಬ್ಬರು ಐದಾರು ನಿಮಿಷ ಕನ್ನಡಿಯೊಂದಿಗೆ ಕೋಣೆಯಲ್ಲಿ ನಡೆದಾಡುತ್ತಾರೆ, ಇಲ್ಲಿ ನೋಡಿ ಎಂದು ಅಪರಿಚಿತರನ್ನೂ ಕರೆಯುತ್ತಾರೆ. ನಾನು ಆರಿಸಿಕೊಂಡ ಸಾಧನಗಳಲ್ಲಿ ಅತ್ಯಂತ ಅಗ್ಗದ್ದು ಇದು, ಅತ್ಯಂತ ಹೆಚ್ಚು ಫಲ ಕೊಟ್ಟದ್ದೂ ಇದೇ. ಇಂದು ನಮ್ಮ ಭಾಗದಲ್ಲಿ ಇನ್ನಿಬ್ಬರು ಗೈಡ್‌ಗಳು ಕನ್ನಡಿ ಹಿಡಿದು ಹೋಗುತ್ತಾರೆ. ಅದು ನಮ್ಮ ಮನೆಯಿಂದ ಹೋದ ಪದ್ಧತಿ ಎಂದು ಹೇಳಿಕೊಳ್ಳಲು ನನಗೆ ಸಂತೋಷವಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಏಲಕ್ಕಿ, ಕರಿಮೆಣಸು, ಒಣಗಿಸಿದ ಕಾಫಿ ಹೂವು, ಹೊಸ ಭತ್ತದ ಹುಲ್ಲು ಇವುಗಳನ್ನು ಮುಚ್ಚಿದ ಡಬ್ಬಿಗಳಲ್ಲಿಟ್ಟು ವಾಸನೆಯಿಂದ ಗುರುತಿಸಲು ಹೇಳಿದೆ. ಮಕ್ಕಳಿಗೆ ಇಷ್ಟವಾಯಿತು, ಆದರೆ ಅದು ತೋಟದ ಬಗ್ಗೆ ಹೇಳಿತೇ ಹೊರತು ಮನೆಯ ಬಗ್ಗೆ ಏನನ್ನೂ ಹೇಳಲಿಲ್ಲ. ಈಗ ತೋಟದ ನಡಿಗೆಯಲ್ಲಿ ಮಾತ್ರ ಬಳಸುತ್ತೇನೆ. ಹೆಂಚಿನ ಛಾವಣಿ ಬಿಚ್ಚಿ ಒಳಗೆ ನೋಡಬಹುದಾದ ಐನ್‌ಮನೆಯ ಮರದ ಮಾದರಿಯೊಂದನ್ನು ಸುಮಾರು 4,000 ರೂಪಾಯಿಗೆ ಮಾಡಿಸಿದೆ. ಅದನ್ನು ಮೊದಲು ತೋರಿಸಿದರೆ ಜನ ನಿಜವಾದ ಮನೆಯೊಳಗೆ ಬೇಗ ಬೇಸರಗೊಳ್ಳುತ್ತಾರೆ, ಕೊನೆಯಲ್ಲಿ ತೋರಿಸಿದರೆ ತಾವು ನಡೆದ ದಾರಿಯನ್ನು ಬೆರಳಿನಿಂದ ಮತ್ತೆ ನಡೆಯುತ್ತಾರೆ. ಒಂದೇ ವಸ್ತುವಿನ ಸ್ಥಾನ ಬದಲಾದರೆ ಫಲ ಇಷ್ಟು ಬದಲಾಗುತ್ತದೆ ಎಂಬುದು ನನಗೆ ಮೊದಲು ತಿಳಿದಿರಲಿಲ್ಲ. ದುಡಿ ಎಂಬ ನಮ್ಮ ಚಿಕ್ಕ ಚರ್ಮವಾದ್ಯದ ಧ್ವನಿಮುದ್ರಣವನ್ನು ಸ್ಪೀಕರಿನಲ್ಲಿ ಹಾಕಿದ್ದು ತಪ್ಪಾಯಿತು, ಮನೆಯ ಮೌನವೇ ಹಾಳಾಯಿತು. ದುಡಿಯನ್ನೇ ಕೈಗೆ ಕೊಟ್ಟರೆ ಸಾಕಾಗುತ್ತದೆ.

ಭೇಟಿಯ ಸಮಯವನ್ನು ಈಗ ಸಂಜೆ ಐದರ ನಂತರಕ್ಕೆ ಇಟ್ಟಿದ್ದೇನೆ, ಏಕೆಂದರೆ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಹಚ್ಚುವ ಹೊತ್ತಿಗೆ ಜನ ಅಲ್ಲಿರಬೇಕು. ದೀಪವನ್ನು ತೋರಿಸಲೆಂದು ಹಚ್ಚುವುದಿಲ್ಲ. ಪ್ರತಿದಿನ ಹಚ್ಚುವ ದೀಪಕ್ಕೆ ಅವರು ಸಾಕ್ಷಿಯಾಗುತ್ತಾರೆ. ಆ ಹೊತ್ತಿನಲ್ಲಿ ನಾನು ಫೋನ್ ತೆಗೆಯಬೇಡಿ ಎಂದು ಒಮ್ಮೆಯೂ ಹೇಳುವುದಿಲ್ಲ, ಆದರೂ ಯಾರೂ ತೆಗೆಯುವುದಿಲ್ಲ. ಅದಕ್ಕೆ ಐದು ನಿಮಿಷ ಮೊದಲು ನಾನು ಮಾಡುವ ಒಂದು ಸಣ್ಣ ಕೆಲಸವೇ ಕಾರಣ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ಕಾಫಿ ಸೇರಿ ತಲಾ 150 ರೂಪಾಯಿ ತೆಗೆದುಕೊಳ್ಳುತ್ತೇನೆ, ಮೊದಲು 30 ರೂಪಾಯಿ ಕೇಳಲೂ ಸಂಕೋಚವಾಗುತ್ತಿತ್ತು. ಕನ್ನಡಿ, ಹಲಗೆ, ಮಾದರಿ, ಚಾಪೆ ಎಲ್ಲ ಸೇರಿ ಹನ್ನೆರಡು ಸಾವಿರದೊಳಗೆ ಮುಗಿದ ಖರ್ಚು ಮೊದಲ ಬೇಸಿಗೆಯಲ್ಲೇ ಮರಳಿ ಬಂತು, ಕಳೆದ ವರ್ಷ ಆ ಹಣದಿಂದಲೇ ಕೈಯಾಲೆಯ ಎರಡು ತೊಲೆಗಳನ್ನು ದುರಸ್ತಿ ಮಾಡಿಸಿದೆವು.

ಸದ್ಯ ಮಡಿಕೇರಿಯ ಗದ್ದಿಗೆಗೆ ಒಂದು ಹಲಗೆ ಸಿದ್ಧಪಡಿಸುತ್ತಿದ್ದೇನೆ. ಗುಮ್ಮಟ ನೋಡಿದ ಬಹುತೇಕರು ಅದನ್ನು ಮಸೀದಿ ಎಂದುಕೊಂಡು ಒಳಗೆ ಬರುತ್ತಾರೆ. ಅದು ಕೊಡಗನ್ನು ಆಳಿದ, ವೀರಶೈವರಾದ ಹಾಲೇರಿ ಅರಸರ ಸಮಾಧಿ ಎಂದು ಮೊದಲೇ ಹೇಳಿಬಿಟ್ಟರೆ ತಲೆಯಾಡಿಸಿ ಮರೆಯುತ್ತಾರೆ. ಮೊದಲ ಹಲಗೆಯಲ್ಲಿ ‘ಇದು ಯಾರ ಕಟ್ಟಡ?’ ಎಂದು ಬರೆದಿದ್ದೆ, ಜನ ಊಹಿಸಿ ಸುಮ್ಮನಾದರು. ಎರಡನೆಯದರಲ್ಲಿ 1820ರಲ್ಲಿ ಲಿಂಗರಾಜೇಂದ್ರನ ಗದ್ದಿಗೆಯನ್ನು ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದನ್ನು ಸೇರಿಸಿದೆ, ಅದು ಮತ್ತೆ ಹಳೆಯ ಫಲಕದಂತೆಯೇ ಆಯಿತು. ಮೂರನೆಯದರಲ್ಲಿ ಬರೆದದ್ದು ಇಷ್ಟೇ: ‘ಗುಮ್ಮಟದ ಸುತ್ತ ನಾಲ್ಕು ಮೂಲೆಗಳನ್ನು ನೋಡಿ. ಅಲ್ಲಿ ಕುಳಿತಿರುವುದು ಯಾರು?’ ಮೂಲೆಯ ನಂದಿಯನ್ನು ಮೊದಲು ಕಂಡ ಹುಡುಗಿಯೊಬ್ಬಳು ತಂದೆಯ ಕೈ ಹಿಡಿದು ಕಟ್ಟಡವನ್ನು ಮತ್ತೊಮ್ಮೆ ಪೂರ್ತಿ ಸುತ್ತಿಸಿದಳು. ಪಕ್ಕದಲ್ಲಿರುವ, ಅರಸರ ಸೇನಾನಿಯಾಗಿದ್ದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನವರ ಸಮಾಧಿಗಳಿಗೆ ಪ್ರಶ್ನೆ ಇನ್ನೂ ಕೂಡಿಬಂದಿಲ್ಲ. ಕೈಲ್‌ಪೊಳ್ದ್ ಹಬ್ಬದೊಳಗೆ ಅದನ್ನೂ ಬರೆದು ಕೊರೆಸಬೇಕೆಂದಿದ್ದೇನೆ. ಅದಕ್ಕೆ ಬೇಕಾದ ಹಲಸಿನ ತುಂಡು ಈಗಾಗಲೇ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿದೆ.